ಆರ್ಥಿಕ ಹಿಂಜರಿತದಲ್ಲಿ ಸರ್ಕಾರದ ನಗದು ನೆರವು ಫಲ ಕೊಡುತ್ತದೆಯೇ? ಪರಿಶೀಲಿಸುವ ಬಗೆ

ಆರ್ಥಿಕತೆ ಕುಸಿದಾಗಲೆಲ್ಲ, ಸರ್ಕಾರ ಜನರ ಕೈಗೆ ನೇರವಾಗಿ ಹಣ ಕೊಡಬೇಕೆಂಬ ಒತ್ತಾಯವೂ ಹಾಗೆ ಕೊಟ್ಟ ಹಣ ಪೋಲಾಗುತ್ತದೆಂಬ ಆಕ್ಷೇಪವೂ ಜೊತೆಜೊತೆಗೇ ಕೇಳಿಬರುತ್ತವೆ. ಈ ವಾದದಲ್ಲಿ ಎರಡೂ ಕಡೆಯವರಿಗೆ ಆಧಾರ ಸಿಗುತ್ತದೆ, ಏಕೆಂದರೆ ಕಳೆದ ಕಾಲು ಶತಮಾನದಲ್ಲಿ ಹಲವು ದೇಶಗಳು ಕೊಟ್ಟ ನಗದು ನೆರವುಗಳಲ್ಲಿ ಕೆಲವು ಚೆನ್ನಾಗಿ ಫಲಿಸಿವೆ, ಕೆಲವು ಹೇಳಿಕೊಳ್ಳುವಂಥ ಪರಿಣಾಮವನ್ನೇ ಬೀರಿಲ್ಲ. ಒಂದು ಯೋಜನೆ ಪ್ರಕಟವಾದಾಗ ಅದು ಯಾವ ಸಾಲಿಗೆ ಸೇರಬಹುದೆಂದು ಅರ್ಥಶಾಸ್ತ್ರ ಓದಿರದ ನಾಗರಿಕರೂ ತಕ್ಕಮಟ್ಟಿಗೆ ಅಂದಾಜು ಮಾಡಬಹುದು, ಮತ್ತು ಖರ್ಚಾಗುವುದು ಸಾರ್ವಜನಿಕ ಹಣವಾದ್ದರಿಂದ ಮಾಡಲೇಬೇಕು. ಹಾಗೆ ಪರಿಶೀಲಿಸುವಾಗ ಕೇಳಬೇಕಾದ ಪ್ರಶ್ನೆಗಳನ್ನು, ನನಗೆ ಸರಿಯೆಂದು ತೋರುವ ಕ್ರಮದಲ್ಲಿ, ಇಲ್ಲಿ ವಿವರಿಸಿದ್ದೇನೆ. ನನ್ನ ನಿಲುವನ್ನೂ ಮೊದಲೇ ಹೇಳಿಬಿಡುತ್ತೇನೆ: ಉಳಿತಾಯವಿಲ್ಲದ ಮನೆಗಳಿಗೆ ಬೇಗನೆ ತಲುಪುವ ನಗದು ಹಿಂಜರಿತದ ಕಾಲದಲ್ಲಿ ಸರ್ಕಾರವೊಂದು ಮಾಡಬಹುದಾದ ಅತ್ಯುತ್ತಮ ಖರ್ಚುಗಳಲ್ಲಿ ಒಂದು, ಅದೇ ಹಣವನ್ನು ಎಲ್ಲರಿಗೂ ಸಮನಾಗಿ, ತಡವಾಗಿ ಹಂಚಿದರೆ ಅದರ ಬಹುಪಾಲು ಬ್ಯಾಂಕ್ ಖಾತೆಗಳಲ್ಲಿ ಸುಮ್ಮನೆ ಕುಳಿತಿರುತ್ತದೆ.

ಮೊದಲು ಉದ್ದೇಶವನ್ನು ಬೇರ್ಪಡಿಸಿ

ನಗದು ನೆರವಿಗೆ ಎರಡು ಉದ್ದೇಶಗಳಿರಬಹುದು. ಆದಾಯ ಕಳೆದುಕೊಂಡವರು ಊಟ, ಬಾಡಿಗೆ, ಔಷಧಗಳಿಗೆ ಪರದಾಡದಂತೆ ನೋಡಿಕೊಳ್ಳುವುದು ಒಂದು. ಜನರ ಖರ್ಚನ್ನು ಹೆಚ್ಚಿಸಿ, ಅದರ ಮೂಲಕ ಮಾರಾಟ, ಉತ್ಪಾದನೆ, ಉದ್ಯೋಗಗಳನ್ನು ಮೇಲೆತ್ತುವುದು ಇನ್ನೊಂದು. ಮೊದಲನೆಯದು ಪರಿಹಾರ, ಎರಡನೆಯದು ಉತ್ತೇಜನ. ಸರ್ಕಾರಗಳು ಎರಡನ್ನೂ ಒಂದೇ ಘೋಷಣೆಯಲ್ಲಿ ಬೆರೆಸುತ್ತವೆ, ಓದುಗರು ಬೆರೆಸಬಾರದು. ಪಡೆದ ಹಣದಲ್ಲಿ ಒಂದು ಕುಟುಂಬ ಬಾಕಿ ಬಾಡಿಗೆಯನ್ನೋ ಹಳೆಯ ಸಾಲವನ್ನೋ ತೀರಿಸಿದರೆ ಉತ್ತೇಜನದ ಲೆಕ್ಕದಲ್ಲಿ ಅದು ದುರ್ಬಲ ಫಲಿತಾಂಶವಾಗಿ ಕಾಣುತ್ತದೆ, ಆದರೆ ಆ ಕುಟುಂಬ ಮನೆ ಕಳೆದುಕೊಳ್ಳದೆ ಉಳಿದಿದ್ದರೆ ಪರಿಹಾರವಾಗಿ ಅದು ಪೂರ್ತಿ ಯಶಸ್ಸು.

ಬ್ರೆಜಿಲ್ 2020ರ ಏಪ್ರಿಲ್‌ನಿಂದ ಅಸಂಘಟಿತ ವಲಯದ ಕೆಲಸಗಾರರಿಗೂ ಬಡವರಿಗೂ ತಿಂಗಳಿಗೆ 600 ರಿಯಲ್, ಒಂಟಿ ತಾಯಂದಿರಿಗೆ ಅದರ ಎರಡರಷ್ಟು ಕೊಟ್ಟಿತು. ಆರು ಕೋಟಿಗೂ ಹೆಚ್ಚು ಜನರಿಗೆ ಈ ಹಣ ನೇರವಾಗಿ ತಲುಪಿ, ಸಾಂಕ್ರಾಮಿಕದ ನಡುವೆಯೂ ಅಲ್ಲಿನ ಬಡತನದ ಪ್ರಮಾಣ ಕೆಲ ತಿಂಗಳು ಇಳಿಯಿತು. ಮೊತ್ತವನ್ನು ಅರ್ಧಕ್ಕಿಳಿಸಿ, ವರ್ಷದ ಕೊನೆಗೆ ನಿಲ್ಲಿಸಿದಾಗ ಬಡತನ ಮತ್ತೆ ಏರಿತು. ಅದೇ ವರ್ಷ ಬ್ರೆಜಿಲ್‌ನ ಜಿಡಿಪಿ ಕುಸಿಯಿತೆಂಬುದನ್ನೇ ಹಿಡಿದು ಈ ಯೋಜನೆ ಸೋತಿತೆಂದು ತೀರ್ಮಾನಿಸುವವರು ಪರಿಹಾರವನ್ನು ಉತ್ತೇಜನದ ಅಳತೆಗೋಲಿನಿಂದ ಅಳೆಯುತ್ತಿರುತ್ತಾರೆ.

ಕುಸಿತ ಬೇಡಿಕೆಯದೋ, ಪೂರೈಕೆಯದೋ?

ಜನ ಭಯದಿಂದಲೋ ಆದಾಯ ಕಡಿಮೆಯಾದುದರಿಂದಲೋ ಕೊಳ್ಳುವುದನ್ನು ನಿಲ್ಲಿಸಿ, ಸರಕು ಮಾರಾಟವಾಗದೆ, ಕಾರ್ಖಾನೆಗಳು ಸಾಮರ್ಥ್ಯಕ್ಕಿಂತ ಕಡಿಮೆ ದುಡಿಯುತ್ತಿದ್ದರೆ ಅದು ಬೇಡಿಕೆಯ ಕುಸಿತ. 2008ರ ಹಣಕಾಸು ಬಿಕ್ಕಟ್ಟು ಬಹುಮಟ್ಟಿಗೆ ಈ ಬಗೆಯದು. ಇಂಥ ಸಂದರ್ಭದಲ್ಲಿ ಕೈಗೆ ಬಂದ ಹಣ ನೇರವಾಗಿ ಮಾರಾಟವಾಗಿ ಪರಿಣಮಿಸುತ್ತದೆ, ಏಕೆಂದರೆ ಕೊಳ್ಳುವವರಿಗಾಗಿ ಸರಕೂ ಕೆಲಸಗಾರರೂ ಕಾದಿರುತ್ತಾರೆ. ಯುದ್ಧ, ಬರ, ಸಾಗಣೆಯ ಅಡಚಣೆ ಅಥವಾ ಇಂಧನದ ಕೊರತೆಯಿಂದ ಸರಕೇ ಇಲ್ಲವಾದಾಗ ಹಣ ಹಂಚಿದರೆ ಇರುವ ಅಷ್ಟೇ ಸರಕಿನ ಮೇಲೆ ಹೆಚ್ಚು ಹಣ ಬಂದು ಬೀಳುತ್ತದೆ, ಬೆಲೆ ಏರುತ್ತದೆ. 2020ರಲ್ಲಿ ಎರಡೂ ಬಗೆಯ ಕುಸಿತಗಳು ಒಟ್ಟಿಗೆ ಬಂದವು. ಆ ವರ್ಷದ ಅನುಭವವನ್ನು ಬೇರೆ ಹಿಂಜರಿತಗಳಿಗೆ ಹಾಗೆಯೇ ಅನ್ವಯಿಸುವುದು ಸರಿಯಲ್ಲ.

ಹಣ ಯಾರ ಕೈಗೆ ಹೋಗುತ್ತದೆ?

ಇಡೀ ಪರಿಶೀಲನೆಯಲ್ಲಿ ಅತಿ ಹೆಚ್ಚು ತೂಕವಿರುವ ಪ್ರಶ್ನೆ ಇದೇ ಎಂದು ನಾನು ಭಾವಿಸುತ್ತೇನೆ. ಜನ ತಮ್ಮ ದೀರ್ಘಕಾಲದ ಆದಾಯವನ್ನು ಅಂದಾಜಿಸಿ ಖರ್ಚು ಮಾಡುತ್ತಾರೆ, ಆದ್ದರಿಂದ ಒಂದು ಸಲ ಬಂದುಹೋಗುವ ಹಣದ ಬಹುಪಾಲನ್ನು ಉಳಿಸುತ್ತಾರೆ ಎಂದು ಅಮೆರಿಕದ ಅರ್ಥಶಾಸ್ತ್ರಜ್ಞ ಮಿಲ್ಟನ್ ಫ್ರೀಡ್‌ಮನ್ 1957ರಲ್ಲಿ ವಾದಿಸಿದ್ದರು. ಉಳಿತಾಯವೂ ಸುಲಭದ ಸಾಲವೂ ಇರುವ ಕುಟುಂಬಗಳ ಮಟ್ಟಿಗೆ ಇದು ಸಾಕಷ್ಟು ಸರಿ. ತಿಂಗಳ ಕೊನೆಗೆ ಕೈ ಬರಿದಾಗುವ ಕುಟುಂಬಗಳ ಮಟ್ಟಿಗೆ ಇದು ಸರಿಹೊಂದುವುದಿಲ್ಲ. ಅವರು ಮುಂದೂಡುತ್ತ ಬಂದ ಅಗತ್ಯಗಳು ಹಣಕ್ಕಾಗಿ ಕಾದಿರುತ್ತವೆ. ಅಮೆರಿಕದಲ್ಲಿ 2020ರ ವಸಂತದಲ್ಲಿ ಹೆಚ್ಚಿನ ವಯಸ್ಕರಿಗೆ ತಲಾ 1,200 ಡಾಲರ್ ವರೆಗೆ ಕೊಟ್ಟಾಗ, ಸಮೀಕ್ಷೆಯೊಂದರಲ್ಲಿ ಜನರು ಸರಾಸರಿ ಶೇ 40ರಷ್ಟನ್ನು ಖರ್ಚು ಮಾಡಿದ್ದಾಗಿಯೂ, ಉಳಿದುದನ್ನು ಹೆಚ್ಚುಕಡಿಮೆ ಸಮಪಾಲಾಗಿ ಉಳಿತಾಯಕ್ಕೂ ಸಾಲ ತೀರಿಸಲಿಕ್ಕೂ ಹಾಕಿದ್ದಾಗಿಯೂ ತಿಳಿಸಿದರು. ಬ್ಯಾಂಕ್ ವಹಿವಾಟುಗಳನ್ನು ಆಧರಿಸಿದ ಅಧ್ಯಯನಗಳಲ್ಲಿ ಖಾತೆಯಲ್ಲಿ ಅಲ್ಪ ಮೊತ್ತವಿದ್ದವರು ಮೊದಲ ಕೆಲವೇ ದಿನಗಳಲ್ಲಿ ಖರ್ಚು ಮಾಡಲು ಶುರುಮಾಡಿದ್ದು ಕಂಡುಬಂತು. ದೊಡ್ಡ ಮೊತ್ತವಿದ್ದವರ ಖರ್ಚಿನಲ್ಲಿ ಅಂಥ ಬದಲಾವಣೆ ಕಾಣಲಿಲ್ಲ.

ಈ ವ್ಯತ್ಯಾಸದ ಪರಿಣಾಮವೆಷ್ಟೆಂದು ತಿಳಿಯಲು ನೀವೇ ಒಂದು ಲೆಕ್ಕ ಹಾಕಿ ನೋಡಬಹುದು. ಸರ್ಕಾರ 100 ಪಾಲು ಹಣ ಕೊಡುತ್ತದೆ, ಪಡೆದವರು ಅದರಲ್ಲಿ 40 ಪಾಲನ್ನು ಖರ್ಚು ಮಾಡುತ್ತಾರೆ, ಆ ಖರ್ಚಿನ ಕಾಲುಭಾಗ ಆಮದು ವಸ್ತುಗಳಿಗೆ ಹೋಗುತ್ತದೆ ಎಂದುಕೊಳ್ಳಿ. ಮೊದಲ ಸುತ್ತಿನಲ್ಲಿ ದೇಶದೊಳಗಿನ ಮಾರಾಟಗಾರರಿಗೆ 30 ಪಾಲು ಸಿಗುತ್ತದೆ. ಅವರೂ ಇದೇ ರೀತಿ ಖರ್ಚು ಮಾಡಿದರೆ ಎರಡನೆಯ ಸುತ್ತಿನಲ್ಲಿ 9, ಮೂರನೆಯದರಲ್ಲಿ 2.7, ಹೀಗೆ ಕರಗುತ್ತ ಹೋಗಿ ಒಟ್ಟು ಸುಮಾರು 43 ಪಾಲಾಗುತ್ತದೆ. ಈಗ ಮೊದಲು ಹಣ ಪಡೆಯುವವರನ್ನಷ್ಟೇ ಬದಲಿಸಿ, 40ರ ಬದಲು 80 ಪಾಲು ಖರ್ಚು ಮಾಡುವ ಕುಟುಂಬಗಳಿಗೆ ಕೊಡಿ. ಮೊದಲ ಸುತ್ತಿನ 60 ಪಾಲಿನಿಂದ ಆರಂಭವಾಗಿ ಒಟ್ಟು ಸುಮಾರು 86 ಪಾಲಾಗುತ್ತದೆ. ಅಷ್ಟೇ ಹಣ, ಎರಡು ಪಟ್ಟು ಫಲ. ಅರ್ಥಶಾಸ್ತ್ರಜ್ಞರು ಗುಣಕ ಎಂದು ಕರೆಯುವುದು, ಕೊಟ್ಟ ಹಣಕ್ಕೆ ಹೋಲಿಸಿದರೆ ಈ ಒಟ್ಟು ಮೊತ್ತ ಎಷ್ಟಾಯಿತು ಎಂಬುದನ್ನೇ. ವಾಸ್ತವದಲ್ಲಿ ತೆರಿಗೆ, ಬಡ್ಡಿದರ, ಬೆಲೆಗಳೂ ಇದರಲ್ಲಿ ಸೇರಿಕೊಂಡು ಲೆಕ್ಕ ತೊಡಕಾಗುತ್ತದೆ. ಆದರೂ ಒಂದು ಯೋಜನೆಯ ಫಲಾನುಭವಿಗಳ ಪಟ್ಟಿಯನ್ನು ಓದುವಾಗ ಈ ಸರಳ ಲೆಕ್ಕ ಮನಸ್ಸಿನಲ್ಲಿದ್ದರೆ ಸಾಕಷ್ಟು ಸಹಾಯವಾಗುತ್ತದೆ.

ನಗದಿನ ಬದಲು ಕೂಪನ್ ಕೊಟ್ಟರೆ ಜನ ಖರ್ಚು ಮಾಡಲೇಬೇಕಾಗುತ್ತದಲ್ಲ ಎಂಬ ಸಲಹೆ ಆಗಾಗ ಬರುತ್ತದೆ. ಜಪಾನ್ 1999ರಲ್ಲಿ ಮಕ್ಕಳಿರುವ ಕುಟುಂಬಗಳಿಗೆ ಪ್ರತಿ ಮಗುವಿಗೂ, ಕೆಲವು ವರ್ಗದ ಹಿರಿಯರಿಗೂ ತಲಾ 20,000 ಯೆನ್ ಮೌಲ್ಯದ, ಅವಧಿ ಮುಗಿಯುವ ಕೂಪನ್‌ಗಳನ್ನು ಹಂಚಿತು. ಬಹುತೇಕ ಎಲ್ಲ ಕೂಪನ್‌ಗಳೂ ಬಳಕೆಯಾದವು, ಆದರೆ ಒಟ್ಟು ಖರ್ಚಿನಲ್ಲಿ ಹೆಚ್ಚಳವಾದದ್ದು ಕೂಪನ್ ಮೌಲ್ಯದ ಹತ್ತರಿಂದ ಇಪ್ಪತ್ತು ಶೇಕಡಾದಷ್ಟೇ ಎಂದು ನಂತರದ ಅಧ್ಯಯನವೊಂದು ಅಂದಾಜಿಸಿತು. ಹೇಗಿದ್ದರೂ ಕೊಳ್ಳಲಿದ್ದ ವಸ್ತುವನ್ನೇ ಕೂಪನ್‌ನಿಂದ ಕೊಂಡು, ಅದಕ್ಕೆಂದು ಇಟ್ಟಿದ್ದ ನಗದನ್ನು ಉಳಿಸುವುದು ಯಾವ ಕುಟುಂಬಕ್ಕೂ ಸುಲಭ. ಕೂಪನ್ ಮುದ್ರಣ, ವಿತರಣೆ, ಅಂಗಡಿಗಳಿಗೆ ಹಣ ಮರುಪಾವತಿಯ ವೆಚ್ಚವನ್ನೂ ಸೇರಿಸಿದರೆ ನಗದೇ ಮೇಲು.

ಹಣ ಸಿಕ್ಕ ಬಡವರು ದುಡಿಯುವುದನ್ನು ಬಿಡುತ್ತಾರೆ, ಮದ್ಯ ತಂಬಾಕುಗಳಿಗೆ ಸುರಿಯುತ್ತಾರೆ ಎಂಬ ಆಕ್ಷೇಪವನ್ನು ಇಲ್ಲಿಯೇ ಬದಿಗಿಡಬಹುದು. ಅಭಿವೃದ್ಧಿಶೀಲ ದೇಶಗಳ ನಗದು ಯೋಜನೆಗಳ ಅಧ್ಯಯನಗಳನ್ನು ಒಟ್ಟುಗೂಡಿಸಿ ನೋಡಿದವರಿಗೆ ಈ ಎರಡಕ್ಕೂ ವ್ಯವಸ್ಥಿತ ಪುರಾವೆ ಸಿಕ್ಕಿಲ್ಲ. ಸಂಕಷ್ಟದಲ್ಲಿರುವವರ ಬಗ್ಗೆ ಇಂಥ ಸಂಶಯವನ್ನು ಆಧಾರವಿಲ್ಲದೆ ಹರಡುವುದು ಅನ್ಯಾಯ.

ಖರ್ಚಾಯಿತೆಂಬ ಮಾತನ್ನು ಎಷ್ಟು ನಂಬಬೇಕು?

ಹಣ ಹಂಚಿದ ಮರುತಿಂಗಳು ಮಾರಾಟ ಏರಿತು, ಆದ್ದರಿಂದ ಯೋಜನೆ ಗೆದ್ದಿತು ಎಂಬ ವರದಿಯನ್ನು ಕಂಡಾಗ, ಹಣ ಹಂಚದಿದ್ದರೆ ಏನಾಗುತ್ತಿತ್ತು ಎಂಬುದನ್ನು ಹೇಗೆ ಅಂದಾಜಿಸಿದ್ದಾರೆಂದು ಹುಡುಕಿ. ಹೋಲಿಕೆಯ ಗುಂಪಿಲ್ಲದ ಅಂಕಿಗೆ ಬೆಲೆ ಕಡಿಮೆ. ಅಮೆರಿಕದ 2001ರ ತೆರಿಗೆ ಮರುಪಾವತಿ ಈ ವಿಷಯದಲ್ಲಿ ಒಳ್ಳೆಯ ಪಾಠ. ಒಬ್ಬರೇ ಇರುವವರಿಗೆ 300, ದಂಪತಿಗೆ 600 ಡಾಲರ್ ವರೆಗಿನ ಚೆಕ್‌ಗಳನ್ನು ಒಂದೇ ದಿನ ಕಳುಹಿಸಲಾಗದೆ, ಸಾಮಾಜಿಕ ಭದ್ರತಾ ಸಂಖ್ಯೆಯ (ಅಲ್ಲಿನವರ ಗುರುತಿನ ಸಂಖ್ಯೆಯ) ಕೊನೆಯ ಎರಡು ಅಂಕಿಗಳ ಕ್ರಮದಲ್ಲಿ ವಾರಗಟ್ಟಲೆ ಕಳುಹಿಸಲಾಯಿತು. ಆ ಅಂಕಿಗೂ ಕುಟುಂಬದ ಸ್ಥಿತಿಗೂ ಸಂಬಂಧವಿಲ್ಲದ್ದರಿಂದ ಮೊದಲು ಪಡೆದವರನ್ನು ತಡವಾಗಿ ಪಡೆದವರೊಂದಿಗೆ ನ್ಯಾಯವಾಗಿ ಹೋಲಿಸಲು ಸಾಧ್ಯವಾಯಿತು. ಹಣ ಬಂದ ತ್ರೈಮಾಸಿಕದಲ್ಲಿ ಆಹಾರ, ಬಟ್ಟೆಯಂಥ ಬೇಗ ಬಳಸಿ ಮುಗಿಸುವ ವಸ್ತುಗಳ ಮೇಲೆಯೇ ಶೇ 20ರಿಂದ 40ರಷ್ಟು ಖರ್ಚಾಗಿತ್ತು.

ಅಮೆರಿಕ 2008ರಲ್ಲಿ ಮಾಡಿದ ಇಂಥದೇ ಪಾವತಿಗಳನ್ನು ಕುರಿತು ಇದೇ ವಿಧಾನದಿಂದ ಬಂದ ಮೊದಲ ಅಂದಾಜುಗಳು ಇನ್ನೂ ದೊಡ್ಡವಾಗಿದ್ದವು. ನಂತರದ ಸಂಶೋಧಕರು ವಿಧಾನವನ್ನು ತಿದ್ದಿ ಲೆಕ್ಕ ಹಾಕಿದಾಗ ಅವು ಗಣನೀಯವಾಗಿ ಇಳಿದವು. ಆದ್ದರಿಂದ ಒಂದೇ ಅಧ್ಯಯನದ ಮೇಲೆ ವಾದವನ್ನು ಕಟ್ಟಬೇಡಿ. ಕೆನ್ಯಾದ ಗ್ರಾಮೀಣ ಪ್ರದೇಶದಲ್ಲಿ ಹತ್ತು ಸಾವಿರಕ್ಕೂ ಹೆಚ್ಚು ಬಡ ಕುಟುಂಬಗಳಿಗೆ ತಲಾ ಸುಮಾರು 1,000 ಡಾಲರ್ ಕೊಟ್ಟ ಪ್ರಯೋಗದಲ್ಲಿ ಗುಣಕ 2.5ರ ಆಸುಪಾಸಿನಲ್ಲಿತ್ತು, ಬೆಲೆಗಳು ಏರಿದ್ದು ನಾಮಮಾತ್ರಕ್ಕೆ. ಉತ್ಸಾಹ ತರುವ ಫಲಿತಾಂಶವಿದು. ಆದರೆ ಆ ಹಣ ಹೊರಗಿನ ದಾನಿಗಳಿಂದ ಬಂದಿತ್ತು, ಅದನ್ನು ತೀರಿಸುವ ಹೊಣೆ ಅಲ್ಲಿನ ತೆರಿಗೆದಾರರ ಮೇಲಿರಲಿಲ್ಲ, ಅದು ಹಿಂಜರಿತದ ಕಾಲದ ಯೋಜನೆಯೂ ಆಗಿರಲಿಲ್ಲ. ಈ ಮೂರು ವ್ಯತ್ಯಾಸಗಳನ್ನು ಹೇಳದೆ ಆ ಅಂಕಿಯನ್ನು ಉಲ್ಲೇಖಿಸುವುದು ದಾರಿತಪ್ಪಿಸುವ ಕೆಲಸ.

ತಲುಪುವ ವೇಗ

ಹಿಂಜರಿತ ಆರಂಭವಾದುದು ಅಧಿಕೃತವಾಗಿ ಗೊತ್ತಾಗುವ ಹೊತ್ತಿಗೆ ಬಹಳ ತಡವಾಗಿರುತ್ತದೆ. ಅಮೆರಿಕದಲ್ಲಿ 2007ರ ಡಿಸೆಂಬರ್‌ನಲ್ಲಿ ಶುರುವಾದ ಹಿಂಜರಿತವನ್ನು ಅದನ್ನು ಗುರುತಿಸುವ ಸಮಿತಿ ಘೋಷಿಸಿದ್ದು 2008ರ ಡಿಸೆಂಬರ್‌ನಲ್ಲಿ, ಅಂದರೆ ಒಂದು ಇಡೀ ವರ್ಷದ ನಂತರ. ಈ ವಿಳಂಬವನ್ನು ತಪ್ಪಿಸಲು ಅರ್ಥಶಾಸ್ತ್ರಜ್ಞೆ ಕ್ಲಾಡಿಯಾ ಸಾಮ್ 2019ರಲ್ಲಿ ಒಂದು ಸೂತ್ರ ಮುಂದಿಟ್ಟರು: ನಿರುದ್ಯೋಗ ದರದ ಮೂರು ತಿಂಗಳ ಸರಾಸರಿಯು ಹಿಂದಿನ ಹನ್ನೆರಡು ತಿಂಗಳ ಕನಿಷ್ಠ ಮಟ್ಟಕ್ಕಿಂತ 0.5 ಶೇಕಡಾ ಅಂಶದಷ್ಟು (ಉದಾಹರಣೆಗೆ, ಶೇ 4ರಿಂದ ಶೇ 4.5ಕ್ಕೆ) ಏರಿದ ಕೂಡಲೇ ನಗದು ಪಾವತಿ ತಾನಾಗಿ ಆರಂಭವಾಗಬೇಕು. ಸಂಸತ್ತಿನ ಚರ್ಚೆಗೆ ಕಾಯದೆ, ಮೊದಲೇ ಕಾನೂನಿನಲ್ಲಿ ಬರೆದಿಟ್ಟ ನಿಯಮದ ಪ್ರಕಾರ ಹಣ ಹೊರಡುವ ಈ ವ್ಯವಸ್ಥೆ ನನಗೆ ಬಹಳ ಸಮಂಜಸವೆನಿಸುತ್ತದೆ. ಆದರೆ ನಿರುದ್ಯೋಗದ ಅಂಕಿಅಂಶ ಪ್ರತಿ ತಿಂಗಳೂ ವಿಶ್ವಾಸಾರ್ಹವಾಗಿ ಸಿಗುವ ದೇಶಗಳಿಗಷ್ಟೇ ಅದು ಒಗ್ಗುತ್ತದೆ.

ಘೋಷಣೆಯಾದ ಮೇಲೂ ಹಣ ಯಾವ ದಾರಿಯಲ್ಲಿ ಹೋಗುತ್ತದೆಂದು ನೋಡಬೇಕು. 2020ರಲ್ಲಿ ಅಮೆರಿಕದ ತೆರಿಗೆ ಇಲಾಖೆಯ ಬಳಿ ಯಾರ ಬ್ಯಾಂಕ್ ಖಾತೆಯ ವಿವರ ಇತ್ತೋ ಅವರಿಗೆ ಕಾನೂನಾದ ಮೂರೇ ವಾರಗಳಲ್ಲಿ ಹಣ ಬರತೊಡಗಿತು. ವಿವರವಿಲ್ಲದವರು, ಅಂದರೆ ಹೆಚ್ಚಾಗಿ ಬಡವರು, ಇನ್ನೂ ಬಹಳ ಕಾಯಬೇಕಾಯಿತು. ಆ ಅವಸರದಲ್ಲಿ ಸುಮಾರು 11 ಲಕ್ಷ ಪಾವತಿಗಳು ಮೃತರ ಹೆಸರಿಗೆ ಹೋದವೆಂದು ಅಲ್ಲಿನ ಲೆಕ್ಕ ತಪಾಸಣಾ ಸಂಸ್ಥೆ ವರದಿ ಮಾಡಿತು. ಅದು ದೊಡ್ಡ ಸುದ್ದಿಯಾಯಿತು, ಆದರೆ ಒಟ್ಟು ಪಾವತಿಗಳಲ್ಲಿ ಅದರ ಪಾಲು ಶೇಕಡಾ ಒಂದಕ್ಕಿಂತ ಕಡಿಮೆ. ಅನರ್ಹರಿಗೆ ಹೋದ ಹಣವನ್ನು ಎಣಿಸುವಷ್ಟೇ ಶ್ರದ್ಧೆಯಿಂದ ಅರ್ಹರಿದ್ದೂ ಬಿಟ್ಟುಹೋದವರನ್ನು ಎಣಿಸಿದ್ದಾರೆಯೇ ಎಂದು ಕೇಳಿ. ಎರಡನೆಯ ಪಟ್ಟಿಯಲ್ಲಿರುವವರ ಕಷ್ಟ ಸುದ್ದಿಯಾಗುವುದು ಅಪರೂಪ.

ಬೆಲೆ ಏರಿಕೆ, ಸಾಲ ಮತ್ತು ನಿಲ್ಲಿಸುವ ನಿಯಮ

ನೆರವಿನ ಹಣ ಸಾಮಾನ್ಯವಾಗಿ ಸರ್ಕಾರದ ಸಾಲದಿಂದ ಬರುತ್ತದೆ. ಹಿಂಜರಿತದಲ್ಲಿ ಬಡ್ಡಿದರ ಕಡಿಮೆಯಿದ್ದು, ಸ್ವಂತ ಕರೆನ್ಸಿಯಲ್ಲಿ ಸಾಲ ಪಡೆಯಬಲ್ಲ ದೇಶಕ್ಕೆ ಇದು ಹೆಚ್ಚಿನ ಹೊರೆಯಲ್ಲ. ವಿದೇಶಿ ಕರೆನ್ಸಿಯಲ್ಲಿ ಸಾಲವಿರುವ, ಆಮದಿನ ಮೇಲೆ ಬಹಳವಾಗಿ ಅವಲಂಬಿಸಿರುವ ದೇಶಕ್ಕೆ ಅದೇ ಯೋಜನೆ ವಿನಿಮಯ ದರವನ್ನು ಕುಸಿಯುವಂತೆ ಮಾಡಿ, ಬಡವರಿಗೆ ಕೊಟ್ಟದ್ದನ್ನು ಬೆಲೆಯೇರಿಕೆಯ ರೂಪದಲ್ಲಿ ಹಿಂದಕ್ಕೆ ಪಡೆಯಬಹುದು.

ಅಮೆರಿಕದ 2021ರ ಅನುಭವವನ್ನು ಎರಡೂ ಬದಿಗಳಿಂದ ನೋಡಬೇಕು. ಆ ವರ್ಷದ ಮಾರ್ಚ್‌ನಲ್ಲಿ ಹೆಚ್ಚಿನವರಿಗೆ ತಲಾ 1,400 ಡಾಲರ್ ಕೊಟ್ಟಾಗ ಚೇತರಿಕೆ ಆಗಲೇ ಶುರುವಾಗಿತ್ತು, ಹಿಂದಿನ ಪಾವತಿಗಳ ಉಳಿತಾಯವೂ ಜನರ ಬಳಿ ಇತ್ತು, ಸರಕುಗಳ ಪೂರೈಕೆ ಮಾತ್ರ ಸರಿಹೋಗಿರಲಿಲ್ಲ. 2022ರ ಜೂನ್‌ನಲ್ಲಿ ಅಲ್ಲಿನ ವಾರ್ಷಿಕ ಹಣದುಬ್ಬರ ಶೇ 9.1ಕ್ಕೆ ಮುಟ್ಟಿತು. ಬೆಲೆಗಳು ನಗದು ನೆರವೇ ಇಲ್ಲದ ದೇಶಗಳಲ್ಲೂ ಏರಿದ್ದವು, ಆದ್ದರಿಂದ ಪೂರ್ತಿ ಹೊಣೆಯನ್ನು ಅದರ ಮೇಲೆ ಹೊರಿಸಲಾಗದು. ಆದರೂ ಒಟ್ಟು ಸರ್ಕಾರಿ ನೆರವು 2021ರ ಕೊನೆಯ ಹೊತ್ತಿಗೆ ಹಣದುಬ್ಬರವನ್ನು ಸುಮಾರು 3 ಶೇಕಡಾ ಅಂಶದಷ್ಟು ಹೆಚ್ಚಿಸಿರಬಹುದೆಂದು ಅಮೆರಿಕದ ಕೇಂದ್ರ ಬ್ಯಾಂಕ್ ವ್ಯವಸ್ಥೆಯ ಭಾಗವಾದ ಸ್ಯಾನ್ ಫ್ರಾನ್ಸಿಸ್ಕೊದ ಫೆಡರಲ್ ರಿಸರ್ವ್ ಬ್ಯಾಂಕಿನ ಸಂಶೋಧಕರು ಅಂದಾಜಿಸಿದರು. ಇನ್ನೊಂದು ಬದಿಯಲ್ಲಿ, ಅದೇ ವರ್ಷ ಈ ಪಾವತಿಗಳೂ ಮಕ್ಕಳಿಗಾಗಿ ಕೊಟ್ಟ ಹೆಚ್ಚುವರಿ ತೆರಿಗೆ ರಿಯಾಯಿತಿಯೂ ಸೇರಿ, ಸರ್ಕಾರದ ನೆರವುಗಳನ್ನೂ ಲೆಕ್ಕಕ್ಕೆ ತೆಗೆದುಕೊಳ್ಳುವ ಅಳತೆಯಲ್ಲಿ ಮಕ್ಕಳ ಬಡತನ ಶೇ 5.2ಕ್ಕೆ ಇಳಿದಿತ್ತು; ಅವು ನಿಂತ ಮರುವರ್ಷ ಶೇ 12.4ಕ್ಕೆ ಏರಿತು.

ಆದ್ದರಿಂದ ಯೋಜನೆಯ ಆದೇಶವನ್ನು ಓದುವಾಗ ಅದು ಯಾವಾಗ, ಯಾವ ಸೂಚಕವನ್ನು ನೋಡಿ ನಿಲ್ಲುತ್ತದೆಂಬ ಷರತ್ತನ್ನು ಕೊನೆಯದಾಗಿ ಹುಡುಕಿ. ಕ್ಯಾಲೆಂಡರ್‌ನ ಒಂದು ದಿನಾಂಕಕ್ಕೆ ನಿಲ್ಲುವ ನೆರವು ಕೆಲಸ ಮರಳುವ ಮೊದಲೇ ಕೈಬಿಡಬಹುದು, ಅಂತ್ಯವೇ ಇಲ್ಲದ ನೆರವು ಚೇತರಿಕೆಯ ನಂತರವೂ ಬೇಡಿಕೆಯನ್ನು ಉಬ್ಬಿಸುತ್ತಿರಬಹುದು. ನಿರುದ್ಯೋಗ ದರ ಇಂತಿಷ್ಟಕ್ಕೆ ಇಳಿದಾಗ ಮೊತ್ತವು ಹಂತಹಂತವಾಗಿ ಕಡಿಮೆಯಾಗುತ್ತದೆಂಬ ಷರತ್ತು ಇದ್ದರೆ ಅದನ್ನು ಯೋಜನೆಯ ಪರವಾಗಿ ಎಣಿಸಿ. ಇಲ್ಲದಿದ್ದರೆ, ಘೋಷಣೆಯಾದ ವಾರದಲ್ಲೇ ಜನಪ್ರತಿನಿಧಿಗಳನ್ನು ಈ ಬಗ್ಗೆ ಲಿಖಿತವಾಗಿ ಕೇಳುವುದು ಒಳ್ಳೆಯದು; ಹಣ ಹಂಚಿಕೆ ಶುರುವಾದ ಮೇಲೆ ಅಂಥ ಷರತ್ತನ್ನು ಸೇರಿಸಲು ಯಾವ ಸರ್ಕಾರವೂ ಸುಲಭವಾಗಿ ಒಪ್ಪುವುದಿಲ್ಲ.