ಕ್ಯಾಂಪರ್ ಟ್ರೈಲರ್ ಎಳೆಯುವಾಗಿನ ಕುಲುಕಾಟ: ಮೊದಲು ತೂಕ, ಆಮೇಲೆ ಬಿಡಿಭಾಗ

ಅಮೆರಿಕದಲ್ಲಿ ನೆಲೆಸಿರುವ ಕನ್ನಡಿಗರಲ್ಲಿ ಪಿಕಪ್ ಟ್ರಕ್ಕಿನ ಹಿಂದೆ ಕ್ಯಾಂಪರ್ ಟ್ರೈಲರ್ ಕಟ್ಟಿಕೊಂಡು ಮಕ್ಕಳೊಂದಿಗೆ ಯೊಸೆಮಿಟಿಗೋ ಲೇಕ್ ಟಾಹೊಗೋ ಹೊರಡುವವರೂ ಇದ್ದಾರೆ. ಮಂಚ, ಒಲೆ, ಸ್ನಾನದ ಮನೆ ಎಲ್ಲವನ್ನೂ ಹೊತ್ತ ಆ ಗಾಲಿಯ ಮೇಲಿನ ಮನೆಯನ್ನು ಮೊದಲ ಸಲ ಎಳೆದವರಿಂದ ನಾನು ಹೆಚ್ಚಾಗಿ ಕೇಳಿರುವ ದೂರು, ಹೆದ್ದಾರಿಯಲ್ಲಿ ಗಾಡಿ ಎತ್ತಿ ಎತ್ತಿ ಹಾಕುತ್ತದೆ, ಎರಡು ಗಂಟೆ ಓಡಿಸುವಷ್ಟರಲ್ಲಿ ಸೊಂಟ ಹಿಡಿದುಕೊಳ್ಳುತ್ತದೆ ಎಂಬುದು. ನನ್ನ ಮೊದಲ ಪ್ರಯಾಣವೂ ಹಾಗೆಯೇ ಆಗಿತ್ತು. ಕ್ಯಾಲಿಫೋರ್ನಿಯಾದ ಹೆದ್ದಾರಿ 99ರಲ್ಲಿ ಮರ್ಸೆಡ್‌ವರೆಗೆ ಹೋಗಿ ಟ್ರೈಲರಿನ ಬಾಗಿಲು ತೆರೆದಾಗ ಅಡುಗೆಕಟ್ಟೆಯ ಕೆಳಗಿನ ಕಪಾಟು ಬಾಯಿ ತೆರೆದುಕೊಂಡಿತ್ತು. ಅವಲಕ್ಕಿ ಡಬ್ಬದ ಮುಚ್ಚಳ ಹಾರಿ ಅವಲಕ್ಕಿಯೆಲ್ಲ ನೆಲದ ಪಾಲಾಗಿತ್ತು, ಅದರ ನಡುವೆ ಕಪಾಟಿನ ಕೀಲಿನಿಂದ ಕಳಚಿಬಿದ್ದ ಎರಡು ತಿರುಪು ಮೊಳೆಗಳಿದ್ದವು. ಆ ಎರಡು ಮೊಳೆಗಳನ್ನು ಕಂಡ ಮೇಲೆಯೇ ಕುಲುಕಾಟವು ಗಾಡಿಯನ್ನೇ ಸಡಿಲಿಸುತ್ತದೆಂದು ನನಗೆ ಅರಿವಾಯಿತು.

ಇಂಥ ತೊಂದರೆ ಬಂದೊಡನೆ ಹೆಚ್ಚಿನವರು ಮಾಡುವ ಕೆಲಸವೆಂದರೆ ಟ್ರಕ್ಕಿನ ಹಿಂಬದಿಗೆ ಗಾಳಿಚೀಲದ ಸ್ಪ್ರಿಂಗ್ ಕೊಂಡು ತಂದು ಹಾಕಿಸುವುದು. ಅದು ಕುಸಿದ ಹಿಂಭಾಗವನ್ನು ಎತ್ತುತ್ತದೆ, ನಿಜ. ಆದರೆ ಟ್ರೈಲರಿನ ಭಾರ ಟ್ರಕ್ಕಿನ ಹಿಂಬದಿಯನ್ನು ಒತ್ತಿದಾಗ ಮುಂದಿನ ಚಕ್ರಗಳ ಮೇಲಿಂದ ಹೋದ ತೂಕವನ್ನು ಅದು ಮರಳಿಸುವುದಿಲ್ಲ. ಆದ್ದರಿಂದ ತೂಕ ಹಾಕಿಸುವ ಮೊದಲು ಯಾವ ಬಿಡಿಭಾಗವನ್ನೂ ಕೊಳ್ಳಬಾರದೆಂಬುದು ನನ್ನ ಖಚಿತ ಅಭಿಪ್ರಾಯ.

ಕುಲುಕಾಟ ಯಾವ ಬಗೆಯದು?

ರಸ್ತೆಯ ತಗ್ಗು ಅಥವಾ ಸೇತುವೆಯ ಅಂಚು ದಾಟಿದ ಮೇಲೂ ಟ್ರಕ್ಕಿನ ಮೂತಿ ಮೂರು ನಾಲ್ಕು ಸಲ ಏಳುತ್ತ ಬೀಳುತ್ತ ಇದ್ದರೆ ತೂಕದ ಹಂಚಿಕೆಯಲ್ಲೋ ಶಾಕ್ ಅಬ್ಸಾರ್ಬರ್‌ಗಳಲ್ಲೋ ದೋಷವಿದೆಯೆಂದು ತಿಳಿಯಬೇಕು. ಕಡಲಹಂದಿ ನೀರಿನಿಂದ ಎದ್ದು ಮುಳುಗುವುದನ್ನು ಹೋಲುವ ಈ ಓಲಾಟವನ್ನು ಅಲ್ಲಿನವರು ಪೋರ್ಪಸಿಂಗ್ ಎನ್ನುತ್ತಾರೆ. ಬೆನ್ನಿಗೆ ಹಿಂದಿನಿಂದ ಗುದ್ದಿದಂತೆ, ಟಣ್ ಎಂಬ ಸದ್ದಿನೊಂದಿಗೆ ಜಗ್ಗಾಟ ಬಂದರೆ ಟ್ರಕ್ಕಿಗೆ ಟ್ರೈಲರನ್ನು ಜೋಡಿಸುವ ಹಿಚ್ಚಿನ ಸಡಿಲವನ್ನು ನೋಡಬೇಕು. ಟ್ರಕ್ ನೆಮ್ಮದಿಯಾಗಿದ್ದು ಟ್ರೈಲರಿನ ಒಳಗಿನ ಸಾಮಾನು ಮಾತ್ರ ಚೆಲ್ಲಾಡುತ್ತಿದ್ದರೆ ಅದರ ಟೈರು ಮತ್ತು ಸ್ಪ್ರಿಂಗುಗಳತ್ತ ಗಮನ ಹರಿಸಬೇಕು. ಟ್ರೈಲರ್ ಎಡಕ್ಕೂ ಬಲಕ್ಕೂ ತೊನೆಯುವುದು ಬೇರೆಯೇ ಸಂಗತಿ ಮತ್ತು ಪ್ರಾಣಾಪಾಯದ ಸಂಗತಿ. ಹಾಗಾದಾಗ ಟ್ರಕ್ಕಿನ ಬ್ರೇಕನ್ನು ಜೋರಾಗಿ ಒತ್ತದೆ, ಸ್ಟಿಯರಿಂಗನ್ನು ನೇರವಾಗಿ ಹಿಡಿದು, ಆಕ್ಸಿಲರೇಟರಿನಿಂದ ಕಾಲು ತೆಗೆದು, ಚಾಲಕನ ಬಳಿಯಿರುವ ನಿಯಂತ್ರಕದಿಂದ ಟ್ರೈಲರಿನ ಬ್ರೇಕನ್ನಷ್ಟೇ ಕೈಯಿಂದ ಒತ್ತಿ ವೇಗ ಇಳಿಸಬೇಕು. ಕಾರಣ ತಿಳಿಯುವವರೆಗೆ ಅದೇ ಸ್ಥಿತಿಯಲ್ಲಿ ಪ್ರಯಾಣ ಮುಂದುವರಿಸಬಾರದು.

ತೂಕ ಹಾಕಿಸುವುದು

ಹೆದ್ದಾರಿಗಳ ಬದಿಯ ಎಷ್ಟೋ ಟ್ರಕ್ ಸ್ಟಾಪುಗಳಲ್ಲಿ ಲಾರಿಗಳಿಗಾಗಿ ಇಟ್ಟಿರುವ ಕ್ಯಾಟ್ ಸ್ಕೇಲ್ ಎಂಬ ತೂಕದ ಸೇತುವೆ ಇರುತ್ತದೆ. ಟ್ರಕ್ಕಿನ ಮುಂದಿನ ಚಕ್ರಗಳು, ಹಿಂದಿನ ಚಕ್ರಗಳು ಮತ್ತು ಟ್ರೈಲರಿನ ಚಕ್ರಗಳು ಬೇರೆಬೇರೆ ಹಾಸುಗಳ ಮೇಲೆ ನಿಲ್ಲುವಂತೆ ಗಾಡಿಯನ್ನು ನಿಲ್ಲಿಸಿದರೆ ಮೂರರ ತೂಕವನ್ನೂ ಪ್ರತ್ಯೇಕವಾಗಿ ಮುದ್ರಿಸಿದ ಚೀಟಿ ಕೈಗೆ ಬರುತ್ತದೆ. ಪ್ರಯಾಣಕ್ಕೆ ಹೊರಡುವ ದಿನ ಹೇಗೋ ಹಾಗೆಯೇ ನೀರು, ಬಟ್ಟೆ, ದಿನಸಿ, ಜನ ಎಲ್ಲವೂ ಇರುವಾಗಲೇ ತೂಕ ಹಾಕಿಸಬೇಕು. ಮೊದಲು ಟ್ರೈಲರನ್ನು ಕೊಂಡಿ ಹಾಕಿ, ಹಿಚ್ಚಿನಲ್ಲಿ ತೂಕ ಹಂಚುವ ಉಕ್ಕಿನ ಸರಳುಗಳಾದ ಸ್ಪ್ರಿಂಗ್ ಬಾರ್‌ಗಳನ್ನು ಬಿಗಿದು, ಆಮೇಲೆ ಬಾರ್‌ಗಳನ್ನು ಬಿಚ್ಚಿ, ಕೊನೆಗೆ ಟ್ರೈಲರನ್ನು ಕಳಚಿಟ್ಟು ಟ್ರಕ್ಕನ್ನು ಮಾತ್ರ, ಹೀಗೆ ಮೂರು ಸಲ ತೂಗಬೇಕು.

ಲೆಕ್ಕಕ್ಕೆ ಒಂದು ಉದಾಹರಣೆ. ಒಂಟಿ ಟ್ರಕ್ಕಿನ ಮುಂದಿನ ಚಕ್ರಗಳ ಮೇಲೆ 3,300 ಪೌಂಡ್, ಹಿಂದಿನವುಗಳ ಮೇಲೆ 2,600 ಪೌಂಡ್, ಒಟ್ಟು 5,900 ಇದೆಯೆನ್ನೋಣ. ಬಾರ್ ಬಿಗಿಯದೆ ಟ್ರೈಲರ್ ಕಟ್ಟಿದಾಗ ಮುಂದೆ 2,980, ಹಿಂದೆ 3,760, ಟ್ರೈಲರಿನ ಚಕ್ರಗಳ ಮೇಲೆ 5,560 ಬಂದರೆ ಟ್ರಕ್ಕಿನ ಮೇಲೆ ಹೆಚ್ಚಾದದ್ದು 840 ಪೌಂಡ್. ಇದೇ ಮೂತಿಭಾರ, ಅಂದರೆ ಟ್ರೈಲರಿನ ಮುಂತುದಿ ಹಿಚ್ಚಿನ ಮೇಲೆ ಹೊರಿಸುವ ತೂಕ. ಟ್ರೈಲರಿನ ಒಟ್ಟು ತೂಕ 5,560ಕ್ಕೆ 840 ಸೇರಿ 6,400 ಪೌಂಡ್ ಆಗುವುದರಿಂದ ಮೂತಿಭಾರವು ಅದರ ಶೇಕಡ 13ರಷ್ಟಾಯಿತು. ಈ ಬಗೆಯ ಟ್ರೈಲರುಗಳಿಗೆ ಶೇಕಡ 10ರಿಂದ 15ರವರೆಗೆ ಇರುವುದು ಸರಿಯಾದ ಅಳತೆ. ಆದರೆ ಇದೇ ಲೆಕ್ಕದಲ್ಲಿ ಮುಂದಿನ ಚಕ್ರಗಳು 320 ಪೌಂಡ್ ಕಳೆದುಕೊಂಡಿರುವುದನ್ನು ಗಮನಿಸಬೇಕು. ಮೂತಿ ಹಗುರವಾದ ಟ್ರಕ್ಕು ಓಲಾಡುವುದಕ್ಕೆ ಇದೇ ಕಾರಣ.

ಎತ್ತಿನ ಗಾಡಿ ಹೂಡಿದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಹಿಂಭಾರವಾದರೆ ನೊಗ ಮೇಲೆದ್ದು ಎತ್ತಿನ ಕೊರಳ ಹಗ್ಗ ಬಿಗಿಯುತ್ತದೆ, ಮುಂಭಾರವಾದರೆ ಹೆಗಲು ಹುಣ್ಣಾಗುತ್ತದೆ. ಅದಕ್ಕೇ ನಮ್ಮ ಹಿರಿಯರು ಮೂಟೆಗಳನ್ನು ಹಿಂದೆ ಮುಂದೆ ಸರಿಸಿ, ಮೂಕಿಯನ್ನು ಕೈಯಿಂದ ಎತ್ತಿ ನೋಡಿ, ಆಮೇಲೆ ಎತ್ತು ಕಟ್ಟುತ್ತಿದ್ದರು. ಟ್ರೈಲರಿನಲ್ಲೂ ಭಾರದ ಸಾಮಾನುಗಳು ಅಚ್ಚಿನ ಮೇಲೆ, ಇಲ್ಲವೇ ಅದಕ್ಕೆ ಸ್ವಲ್ಪ ಮುಂದೆ, ನೆಲಮಟ್ಟದಲ್ಲಿ ಇರಬೇಕು. ಹಿಂದಿನ ಬಂಪರಿಗೆ ನಾಲ್ಕು ಸೈಕಲ್ ಕಟ್ಟಿ, ಅದನ್ನು ಸರಿತೂಗಿಸಲು ಮುಂದಿನ ಪೆಟ್ಟಿಗೆಯಲ್ಲಿ ಜನರೇಟರ್ ಇಟ್ಟರೆ ಚೀಟಿಯ ಮೇಲಿನ ಅಂಕಿ ಸರಿಯಾಗಿಯೇ ಕಾಣಬಹುದು. ಆದರೂ ಎರಡು ತುದಿಗಳಲ್ಲಿ ಭಾರವಿರುವ ಗಾಡಿ ಏತದಂತೆ ತೂಗತೊಡಗಿದರೆ ಬೇಗ ನಿಲ್ಲುವುದಿಲ್ಲ. ನೀರಿನ ತೊಟ್ಟಿಯನ್ನೂ ಮರೆಯಬಾರದು. 40 ಗ್ಯಾಲನ್ ನೀರು ಸುಮಾರು 330 ಪೌಂಡ್ ತೂಗುತ್ತದೆ. ತೊಟ್ಟಿ ಅಚ್ಚಿನ ಹಿಂದಿದ್ದರೆ ಅದು ಮೂತಿಭಾರವನ್ನು ಕಡಿಮೆ ಮಾಡುತ್ತದೆ, ಮುಂದಿದ್ದರೆ ಹೆಚ್ಚಿಸುತ್ತದೆ.

ಹಿಚ್ಚನ್ನು ಸರಿಪಡಿಸುವುದು

ತೂಕ ಹಂಚುವ ಹಿಚ್ಚಿನ ಸ್ಪ್ರಿಂಗ್ ಬಾರ್‌ಗಳು ಸನ್ನೆಗೋಲಿನಂತೆ ಕೆಲಸ ಮಾಡಿ, ಹಿಂದಿನ ಚಕ್ರಗಳ ಮೇಲೆ ಕೂತ ಭಾರದ ಒಂದು ಪಾಲನ್ನು ಮುಂದಿನ ಚಕ್ರಗಳಿಗೂ ಟ್ರೈಲರಿನ ಅಚ್ಚುಗಳಿಗೂ ದಾಟಿಸುತ್ತವೆ. ನನ್ನ ಗಾಡಿಯ ಮುಖ್ಯ ದೋಷ ಇಲ್ಲಿಯೇ ಇತ್ತು. ಟ್ರೈಲರ್ ಮಾರಿದವರು ಬಾರ್‌ಗಳ ಸರಪಳಿಯನ್ನು ತೀರಾ ಸಡಿಲವಾಗಿ ಕೊಕ್ಕೆಗೆ ಸಿಕ್ಕಿಸಿ ಕಳುಹಿಸಿದ್ದರು. ಬಾರ್‌ಗಳು ಇದ್ದವು, ಭಾರ ಹೊರುತ್ತಿರಲಿಲ್ಲ.

ಇದನ್ನು ಸರಿಪಡಿಸಲು ಬೇಕಾದದ್ದು ಸಮತಟ್ಟಾದ ಜಾಗ ಮತ್ತು ಅಳತೆಪಟ್ಟಿ ಮಾತ್ರ. ಟ್ರೈಲರ್ ಇಲ್ಲದಾಗ ನೆಲದಿಂದ ಮುಂದಿನ ಚಕ್ರದ ಮೇಲಿನ ಕಮಾನಿನ ಅಂಚಿನವರೆಗಿನ ಎತ್ತರವನ್ನು ಅಳೆದು ಬರೆದಿಟ್ಟುಕೊಳ್ಳಬೇಕು. ಅದು 37 ಇಂಚು ಎಂದಿಟ್ಟುಕೊಳ್ಳಿ. ಬಾರ್ ಇಲ್ಲದೆ ಟ್ರೈಲರ್ ಕಟ್ಟಿದಾಗ ಅದು 38 ಆದರೆ ಮೂತಿ ಒಂದು ಇಂಚು ಎದ್ದಿದೆಯೆಂದರ್ಥ. ಈಗ ಬಾರ್‌ಗಳನ್ನು ಸರಪಳಿಯ ಒಂದೊಂದು ಕೊಂಡಿಯಷ್ಟು ಬಿಗಿಯುತ್ತ ಬಂದು ಆ ಇಂಚಿನಲ್ಲಿ ಎಷ್ಟನ್ನು ಇಳಿಸಬೇಕೋ ಅಷ್ಟನ್ನು ಇಳಿಸಬೇಕು. ಕೆಲವು ಟ್ರಕ್ಕುಗಳಿಗೆ ಅರ್ಧ ಸಾಕು, ಕೆಲವಕ್ಕೆ ಇನ್ನೂ ಹೆಚ್ಚು ಬೇಕು. ನಿಮ್ಮ ವಾಹನದ ಕೈಪಿಡಿಯಲ್ಲಿರುವ ಮಾತೇ ಇಲ್ಲಿ ಕೊನೆಯ ಮಾತು. ಹುಮ್ಮಸ್ಸಿನಿಂದ 37ಕ್ಕಿಂತಲೂ ಕೆಳಗೆ ಇಳಿಸಿದರೆ ಹಿಂದಿನ ಚಕ್ರಗಳು ಹಗುರವಾಗಿ ಮಳೆಯಲ್ಲಿ, ತಿರುವಿನಲ್ಲಿ ಜಾರುವ ಅಪಾಯವಿದೆ. ಬಾರ್‌ಗಳನ್ನು ಸಿಕ್ಕಿಸುವಾಗ ಜಾಕಿನಿಂದ ಟ್ರೈಲರಿನ ಮೂತಿಯನ್ನೂ ಟ್ರಕ್ಕಿನ ಹಿಂಭಾಗವನ್ನೂ ಒಟ್ಟಿಗೆ ಎತ್ತಿಕೊಳ್ಳಬೇಕು. ಬಿಗಿದ ಬಾರ್ ಕೈತಪ್ಪಿ ಸಿಡಿದರೆ ಮೂಳೆ ಮುರಿಯುವಷ್ಟು ಬಲ ಅದರಲ್ಲಿರುತ್ತದೆ.

ಕೊನೆಗೆ ದೂರ ನಿಂತು ಪಕ್ಕದಿಂದ ನೋಡಿದಾಗ ಟ್ರೈಲರ್ ನೆಲಕ್ಕೆ ಸಮಾನಾಂತರವಾಗಿರಬೇಕು. ಮೂತಿ ಮೇಲೆದ್ದಿದ್ದರೆ ಜೋಡಿ ಅಚ್ಚಿನ ಗಾಡಿಯಲ್ಲಿ ಹಿಂದಿನ ಅಚ್ಚಿಗೇ ಹೆಚ್ಚು ಭಾರ ಬೀಳುತ್ತದೆ, ಆಗ ಟ್ರೈಲರಿನ ಮೂತಿ ಕೂರುವ ಹಿಚ್ಚಿನ ಗುಂಡನ್ನು ಒಂದು ತೂತು ಕೆಳಗಿಳಿಸಬೇಕು. ಗುಂಡನ್ನು ಹೊತ್ತ ಉಕ್ಕಿನ ತೊಲೆ ತನ್ನ ಚೌಕಟ್ಟಿನಲ್ಲಿ ಅಲುಗಾಡುತ್ತಿದ್ದರೆ ಬಿಗಿಹಿಡಿಯುವ ಕ್ಲ್ಯಾಂಪ್ ಹಾಕಿದರೆ ಟಣ್ ಸದ್ದು ನಿಲ್ಲುತ್ತದೆ.

ಟೈರು, ಶಾಕ್, ಸ್ಪ್ರಿಂಗ್

ಟೈರಿನ ಗಾಳಿಯನ್ನು ಬೆಳಿಗ್ಗೆ, ಗಾಡಿ ಓಡುವ ಮೊದಲೇ ಪರೀಕ್ಷಿಸಬೇಕು. ಟ್ರೈಲರಿಗೆ ಅದರ ಮೈಮೇಲಿನ ಪಟ್ಟಿಯಲ್ಲಿ ಸೂಚಿಸಿದ ಒತ್ತಡವಿರಬೇಕು. ಮೆತ್ತಗಿರಲೆಂದು ಅದಕ್ಕಿಂತ ಕಡಿಮೆ ಮಾಡಿದರೆ ಟೈರು ಕಾದು ಸಿಡಿಯುತ್ತದೆ. ಟೈರಿನ ಪಕ್ಕೆಯ ಮೇಲಿನ ಡಿಒಟಿ (ಅಮೆರಿಕದ ಸಾರಿಗೆ ಇಲಾಖೆ) ಸಂಖ್ಯೆಯ ಕೊನೆಯ ನಾಲ್ಕು ಅಂಕಿಗಳು ಅದರ ಹುಟ್ಟಿದ ವಾರ ಮತ್ತು ವರ್ಷ. 2319 ಎಂದಿದ್ದರೆ 2019ರ 23ನೇ ವಾರ. ಐದಾರು ವರ್ಷ ದಾಟಿದ ಟ್ರೈಲರ್ ಟೈರನ್ನು ಮೇಲ್ಮೈಯ ಗೀರುಗಳು ಸವೆಯದಿದ್ದರೂ ಬದಲಿಸುವುದೇ ಒಳ್ಳೆಯದು. ಚಕ್ರಗಳನ್ನು ಬ್ಯಾಲೆನ್ಸ್ ಮಾಡಿಸುವುದು ಸಣ್ಣ ಖರ್ಚು, ಮಾಡಿಸಿಬಿಡಿ.

ತೂಕ ಸರಿಯಾದ ಮೇಲೂ ನನ್ನ ಟ್ರಕ್ಕಿನಲ್ಲಿ ಉಳಿದ ಓಲಾಟ ಶಾಕ್ ಅಬ್ಸಾರ್ಬರ್‌ಗಳದ್ದಾಗಿತ್ತು. 80,000 ಮೈಲಿ ಓಡಿದ್ದ ಅವುಗಳಲ್ಲಿ ಹಿಂದಿನ ಒಂದರ ಮೈಮೇಲೆ ಎಣ್ಣೆ ಜಿನುಗಿ ಧೂಳು ಅಂಟಿಕೊಂಡಿತ್ತು. ಸ್ಪ್ರಿಂಗ್ ಭಾರ ಹೊರುತ್ತದೆ, ಶಾಕ್ ಆ ಸ್ಪ್ರಿಂಗಿನ ಕುಣಿತವನ್ನು ಅಡಗಿಸುತ್ತದೆ. ನಾಲ್ಕನ್ನೂ ಒಟ್ಟಿಗೆ ಬದಲಿಸಿದೆ.

ಟ್ರೈಲರಿನ ಅಡಿಯಲ್ಲಿ ಲಾರಿಗಳಲ್ಲಿರುವಂತೆ ಉಕ್ಕಿನ ಪಟ್ಟಿಗಳ ಲೀಫ್ ಸ್ಪ್ರಿಂಗ್ ಇದ್ದರೆ, ಅವುಗಳನ್ನು ತೂಗುಹಾಕಿರುವ ಬೋಲ್ಟುಗಳ ಸುತ್ತ ಎಷ್ಟೋ ಗಾಡಿಗಳಲ್ಲಿ ಪ್ಲಾಸ್ಟಿಕ್ ಬುಷ್, ಅಂದರೆ ತಿಕ್ಕಾಟ ತಡೆಯುವ ಸಣ್ಣ ಕೊಳವೆ, ಇರುತ್ತದೆ. ಅದು ಸವೆದರೆ ಲೋಹಕ್ಕೆ ಲೋಹ ತಿಕ್ಕಿ ದುಂಡು ತೂತು ಮೊಟ್ಟೆಯಾಕಾರಕ್ಕೆ ಬರುತ್ತದೆ. ಟಾರ್ಚ್ ಹಿಡಿದು ನೋಡಿದರೆ ಇದು ಬರಿಗಣ್ಣಿಗೇ ಕಾಣುತ್ತದೆ. ಕಂಚಿನ ಬುಷ್ ಮತ್ತು ಗ್ರೀಸ್ ತುಂಬಬಹುದಾದ ಬೋಲ್ಟುಗಳು ಇದಕ್ಕೆ ಬಾಳಿಕೆಯ ಪರಿಹಾರ. ಬೇಕಿದ್ದರೆ ಎರಡು ಸ್ಪ್ರಿಂಗುಗಳ ನಡುವಿನ ತುಲಾಪಟ್ಟಿಗೆ ರಬ್ಬರಿನದನ್ನು ಹಾಕಿಸಬಹುದು, ಟ್ರೈಲರಿಗೂ ಶಾಕ್ ಕೂಡಿಸಬಹುದು. ಆದರೆ ಜಾಕ್ ಕೊಟ್ಟು ಮಾಡುವ ಈ ಕೆಲಸಗಳನ್ನು ಅಭ್ಯಾಸವಿಲ್ಲದವರು ಮೆಕ್ಯಾನಿಕ್‌ಗೆ ಬಿಡಬೇಕು. ಚಕ್ರ ಬಿಚ್ಚಿ ಹಾಕಿದ ಮೇಲೆ 50 ಮೈಲಿ ಓಡಿಸಿ ಟಾರ್ಕ್ ರೆಂಚ್‌ನಿಂದ ನಟ್ಟುಗಳನ್ನು ಮತ್ತೆ ಬಿಗಿಯಬೇಕು.

ರಸ್ತೆಯ ಪಾಲು

ಇಷ್ಟಾದರೂ ಕೆಲವು ಕಾಂಕ್ರೀಟ್ ರಸ್ತೆಗಳಲ್ಲಿ ಕುಲುಕಾಟ ಉಳಿಯುತ್ತದೆ. ಹಾಸುಗಳ ನಡುವಿನ ಸಂದು 15 ಅಡಿಗೊಂದರಂತಿದ್ದರೆ ಗಂಟೆಗೆ 60 ಮೈಲಿ ವೇಗದಲ್ಲಿ, ಅಂದರೆ ಸೆಕೆಂಡಿಗೆ 88 ಅಡಿ ಓಡುವಾಗ, ಗಾಡಿಗೆ ಸೆಕೆಂಡಿಗೆ ಆರರಷ್ಟು ಪೆಟ್ಟು ಬೀಳುತ್ತದೆ. ಈ ತಾಳ ಗಾಡಿಯ ಸಹಜ ಅದುರಿಕೆಗೆ ಕೂಡಿಬಂದರೆ ಕುಣಿತ ಬೆಳೆಯುತ್ತ ಹೋಗುತ್ತದೆ. ಐದು ಮೈಲಿ ವೇಗ ಇಳಿಸಿದರೆ ತಾಳ ತಪ್ಪುತ್ತದೆ. ಕ್ಯಾಲಿಫೋರ್ನಿಯಾದಲ್ಲಿ ಟ್ರೈಲರ್ ಎಳೆಯುವವರಿಗೆ ಕಾನೂನಿನ ಮಿತಿಯೇ 55 ಮೈಲಿ. ಒಂದೊಂದು ಬದಲಾವಣೆ ಮಾಡಿದ ಮೇಲೂ ಅದೇ ರಸ್ತೆಯ ಅದೇ ತುಣುಕಿನಲ್ಲಿ, ಅದೇ ವೇಗದಲ್ಲಿ ಓಡಿಸಿ ನೋಡಿ, ಅಳತೆಗಳನ್ನು ತೂಕದ ಚೀಟಿಯ ಬೆನ್ನಿನ ಮೇಲೆ ಬರೆದು ಟ್ರಕ್ಕಿನಲ್ಲೇ ಇಟ್ಟುಕೊಳ್ಳಿ. ಮುಂದಿನ ಪ್ರವಾಸಕ್ಕೆ ಸಾಮಾನು ಬದಲಾದಾಗ ಮತ್ತೆ ಅಳೆಯಲು ಅದು ಬೇಕಾಗುತ್ತದೆ.