ಮಾಂಸ ಬೇಯಿಸದ ಮನೆಯಲ್ಲಿ ಬೆಕ್ಕಿನ ಊಟ

ಗಂಗಾವತಿಯಲ್ಲಿ ನಮ್ಮದು ಮಾಂಸ ಬೇಯಿಸದ ಮನೆ. ಮೊಟ್ಟೆ ಕೂಡ ಒಳಗೆ ಬರುವುದಿಲ್ಲ. ಇಂಥ ಮನೆಗೆ ಬೆಕ್ಕು ತಂದುಕೊಂಡರೆ ಅದಕ್ಕೆ ಏನು ಹಾಕಬೇಕು ಎನ್ನುವುದು ದೊಡ್ಡ ತಲೆನೋವು. ನನಗೆ ಫೋನ್ ಮಾಡಿ ಇದನ್ನೇ ಕೇಳುವ ನೆಂಟರು ಜಾಸ್ತಿ ಆಗಿದ್ದಾರೆ. ಅದಕ್ಕೇ ನಾನು ಹೇಗೆ ಹೊಂದಿಸಿಕೊಂಡೆ ಅಂತ ಬರೆಯುತ್ತಿದ್ದೇನೆ.

ನಮ್ಮ ಬೆಕ್ಕಿನ ಹೆಸರು ಗುಂಡ. ಗಂಡು, ಎರಡು ವರ್ಷ ದಾಟಿದೆ, ಸಂತಾನಹರಣ ಆಪರೇಷನ್ ಆಗಿದೆ. ವರ್ಗವಾಗಿ ಊರು ಬಿಟ್ಟವರು ಕೊಟ್ಟು ಹೋದ ಬೆಕ್ಕು. ಬುಟ್ಟಿ, ಮಲಮೂತ್ರಕ್ಕೆ ಮಣ್ಣು ತುಂಬಿಡುವ ಟ್ರೇ ಎಲ್ಲಾ ಕೊಟ್ಟರು. ಅದಕ್ಕಿಂತ ಮುಖ್ಯವಾಗಿ ಅದು ತಿನ್ನುತ್ತಿದ್ದ ಒಣ ಕಾಳಿನ (ಬೇಳೆಕಾಳಲ್ಲ, ಕಾಳಿನಂತೆ ಮಾಡಿ ಅಂಗಡಿಯಲ್ಲಿ ಮಾರುವ ಬೆಕ್ಕಿನ ಒಣ ಊಟ) ಪ್ಯಾಕೆಟ್ಟನ್ನೂ ಕೇಳಿ ಇಸಿದುಕೊಂಡೆ. ಬೇರೆ ಊಟ ಒಳ್ಳೆಯದೋ ಕೆಟ್ಟದ್ದೋ ಆಮೇಲೆ ನೋಡೋಣ, ಮೊದಲ ವಾರ ಹಳೆಯದೇ ಇರಲಿ. ಮನೆ ಹೊಸದು, ಜನ ಹೊಸಬರು, ವಾಸನೆ ಹೊಸದು. ಊಟವೂ ಹೊಸದಾದರೆ ಬೆಕ್ಕು ಮುಟ್ಟುವುದೇ ಇಲ್ಲ. ನಾಯಿಯಾದರೆ ಎರಡು ದಿನ ಉಪವಾಸ ಬಿದ್ದು ಮೂರನೇ ದಿನ ತಿನ್ನುತ್ತದೆ ಅಂತ ಬಿಡಬಹುದು. ಬೆಕ್ಕಿನ ವಿಷಯದಲ್ಲಿ ಹಾಗೆ ಹಠ ಮಾಡಬಾರದು. ಎರಡು ಮೂರು ದಿನ ಏನೂ ತಿನ್ನದಿದ್ದರೆ ಮೈಯ ಕೊಬ್ಬೆಲ್ಲ ಲಿವರ್‌ಗೆ ಬಂದು ಸೇರಿಕೊಂಡು ಜೀವಕ್ಕೇ ಕುತ್ತು ಬರಬಹುದು. ದಪ್ಪ ಬೆಕ್ಕಿಗೆ ಈ ಅಪಾಯ ಇನ್ನೂ ಜಾಸ್ತಿ.

ಅತ್ತೆಯವರ ಲೆಕ್ಕ ಸರಳವಾಗಿತ್ತು. ಹಾಲಿನಲ್ಲಿ ಜೋಳದ ರೊಟ್ಟಿ ಮುರಿದು ಹಾಕಿದರೆ ಆಯಿತು. ಅವರ ತವರಿನಲ್ಲಿ ಬೆಕ್ಕುಗಳು ಅದನ್ನೇ ತಿಂದು ಬದುಕಿದ್ದವು. ನಿಜವೇ, ಆದರೆ ಆ ಬೆಕ್ಕುಗಳು ಹಗೇವಿನ ಹತ್ತಿರ, ಕಣದ ಹತ್ತಿರ ಇಲಿ ಹಿಡಿದು ತಿಂದದ್ದನ್ನು ಯಾರೂ ಲೆಕ್ಕ ಇಟ್ಟಿರಲಿಲ್ಲ. ಹಾಲು ರೊಟ್ಟಿ ಬರೀ ಮೇಲೋಗರ, ಅಸಲು ಊಟ ಹೊರಗೆ ನಡೆಯುತ್ತಿತ್ತು. ಗುಂಡ ಮನೆಯೊಳಗಿನ ಬೆಕ್ಕು. ಅದಕ್ಕೆ ನಾವು ಹಾಕಿದ್ದೇ ಊಟ.

ಹಾಲು ಬೇಡ ಅಂದಾಗ ಅತ್ತೆಗೆ ಸಿಟ್ಟು ಬಂತು. ಬೆಕ್ಕಿಗೆ ಹಾಲು ಕೊಡದ ಮನೆ ಎಲ್ಲಾದರೂ ಉಂಟೇ? ಆನೆಗುಂದಿ ನಮಗೆ ಕೂಗಳತೆಯಲ್ಲಿದೆ. ಹಾಗಾಗಿ ತೆನಾಲಿ ರಾಮಕೃಷ್ಣನ ಬೆಕ್ಕಿನ ಕಥೆ ಇಲ್ಲಿ ಎಲ್ಲರಿಗೂ ಬಾಯಿಪಾಠ. ರಾಯರು ಬೆಕ್ಕು ಸಾಕಲು ಆಕಳು ಕೊಡುತ್ತಾರೆ, ಇವನು ಬೆಕ್ಕಿಗೆ ಕುದಿಯುವ ಹಾಲಿಡುತ್ತಾನೆ, ಬಾಯಿ ಸುಟ್ಟುಕೊಂಡ ಬೆಕ್ಕು ಮತ್ತೆ ಹಾಲು ಕಂಡರೆ ಓಡುತ್ತದೆ. ಕಥೆಯಲ್ಲಿ ಅದು ಮೋಸ. ಹೊಟ್ಟೆಯ ದೃಷ್ಟಿಯಿಂದ ನೋಡಿದರೆ ಆ ಬೆಕ್ಕಿಗೆ ಒಳ್ಳೆಯದೇ ಆಯಿತು ಅನ್ನಬೇಕು! ಹಾಲಿನ ಸಕ್ಕರೆಯನ್ನು ಅರಗಿಸುವ ಶಕ್ತಿ ಮರಿಗಳಿಗೆ ಇರುತ್ತದೆ. ಬೆಳೆದ ಮೇಲೆ ಅದು ಬಹಳಷ್ಟು ಬೆಕ್ಕುಗಳಲ್ಲಿ ಕಡಿಮೆಯಾಗುತ್ತದೆ. ಆಮೇಲೆ ಹಾಲು ಕುಡಿಸಿದರೆ ಭೇದಿ. ಇಷ್ಟಪಟ್ಟು ಕುಡಿಯುತ್ತದೆ ಅನ್ನುವುದು ಬೇರೆ ಮಾತು, ಅದಕ್ಕೆ ಬೇಕಿರುವುದು ಕೊಬ್ಬಿನ ರುಚಿ. ಸಿಹಿಯಂತೂ ಬೆಕ್ಕಿನ ನಾಲಗೆಗೆ ಗೊತ್ತೇ ಆಗುವುದಿಲ್ಲ. ಹೋಳಿಗೆಯ ಹತ್ತಿರ ಸುಳಿದಾಡುವುದು ತುಪ್ಪಕ್ಕೆ, ಬೆಲ್ಲಕ್ಕಲ್ಲ.

ಹಾಗಾದರೆ ಬೆಕ್ಕನ್ನೂ ಸಸ್ಯಾಹಾರಿ ಮಾಡಿದರೆ ಆಗಲ್ವಾ? ಮನೆಗೆ ಬಂದ ಅರ್ಧ ಜನ ಇದನ್ನು ಕೇಳಿದ್ದಾರೆ. ಆಗುವುದಿಲ್ಲ. ಮಾಂಸದಲ್ಲಿ ಸಿಗುವ ಕೆಲವು ವಸ್ತುಗಳನ್ನು ನಮ್ಮ ಮೈ ತಾನೇ ತಯಾರಿಸಿಕೊಳ್ಳುತ್ತದೆ, ಬೆಕ್ಕಿನ ಮೈಗೆ ಆ ಕೆಲಸ ಬರುವುದಿಲ್ಲ. ನಾವು ಗಜ್ಜರಿ ತಿಂದರೆ ಒಳಗೆ ವಿಟಮಿನ್ ಎ ಆಗುತ್ತದೆ. ಬೆಕ್ಕಿಗೆ ಗಜ್ಜರಿ ತಿನ್ನಿಸಿದರೆ ಗಜ್ಜರಿಯಾಗಿಯೇ ಹೊರಗೆ ಬರುತ್ತದೆ. ಇನ್ನೊಂದು ಟೌರಿನ್. ಇದು ಕಡಿಮೆಯಾದರೆ ಕಣ್ಣು ಹೋಗುತ್ತದೆ, ಹೃದಯ ಹಿಗ್ಗಿ ಸೋಲುತ್ತದೆ. 1987ರಲ್ಲಿ ಅಮೆರಿಕದ ಸಂಶೋಧಕರು ಈ ಹೃದಯದ ಕಾಯಿಲೆಗೂ ಟೌರಿನ್ ಕೊರತೆಗೂ ಇರುವ ನಂಟನ್ನು ತೋರಿಸಿದರು. ಆಗ ಕಾಯಿಲೆ ಬಿದ್ದ ಬೆಕ್ಕುಗಳಲ್ಲಿ ಅಂಗಡಿಯ ಪ್ಯಾಕೆಟ್ ಊಟ ತಿನ್ನುತ್ತಿದ್ದವೂ ಇದ್ದವು. ಅಲ್ಲಿಂದ ಮುಂದೆ ಕಂಪನಿಗಳು ಟೌರಿನ್ ಹೆಚ್ಚು ಸೇರಿಸತೊಡಗಿದವು. ನಾಯಿಯ ಊಟ ಬೆಕ್ಕಿಗೆ ಸಾಲದು ಅನ್ನುವುದೂ ಇದೇ ಕಾರಣಕ್ಕೆ. ಬೆಕ್ಕಿಗೆ ಬೇಕಾದಷ್ಟು ಟೌರಿನ್, ಪ್ರೋಟೀನ್ ಅದರಲ್ಲಿರುವ ಖಾತ್ರಿ ಇಲ್ಲ.

ಅತ್ತೆಗೆ ಇಷ್ಟೆಲ್ಲ ಹೇಳಿದ ಮೇಲೆ ಅವರು ಒಂದೇ ಷರತ್ತು ಹಾಕಿದರು: "ನಿನ್ನ ಬೆಕ್ಕು ಏನರ ತಿನ್ನಲಿ, ಅಡಿಗಿ ಮನ್ಯಾಗ ಬರಬಾರದು ನೋಡವಾ." ನ್ಯಾಯವಾದ ಮಾತು. ಹಿತ್ತಲ ಪಡಸಾಲೆಯಲ್ಲಿ, ಬಟ್ಟೆ ಒಗೆಯುವ ಕಲ್ಲಿನ ಪಕ್ಕ ಗುಂಡನ ಜಾಗ ಆಯಿತು. ಅದಕ್ಕೆ ಬೇರೆ ತಟ್ಟೆ, ಬೇರೆ ಚಮಚ, ತೊಳೆಯಲು ಬೇರೆ ನಾರು.

ಈ ಷರತ್ತಿಗೆ ಒಣ ಕಾಳು ಸರಿಯಾಗಿ ಹೊಂದುತ್ತದೆ. ಡಬ್ಬಿಯಲ್ಲಿ ಇಡಬಹುದು, ವಾಸನೆ ಕಡಿಮೆ, ಕೈಗೆ ಮೆತ್ತುವುದಿಲ್ಲ. ಸಸ್ಯಾಹಾರಿ ಮನೆಯವರೆಲ್ಲ ಇಲ್ಲಿಗೇ ನಿಲ್ಲುತ್ತಾರೆ. ನಾನು ನಿಲ್ಲಲಿಲ್ಲ. ಕಾರಣ ನಮ್ಮ ಊರಿನ ಬೇಸಿಗೆ, ಮತ್ತು ಗುಂಡ ಗಂಡು ಅನ್ನುವುದು.

ಬೆಕ್ಕಿನ ಮೂಲ ಪೂರ್ವಿಕ ಮರುಭೂಮಿ ಕಡೆಯ ಕಾಡುಬೆಕ್ಕು. ಅದಕ್ಕೆ ಬಾಯಾರಿಕೆ ಕಡಿಮೆ, ಬೇಟೆಯ ಮಾಂಸದಲ್ಲಿರುವ ನೀರಿನಲ್ಲೇ ಕಾಲ ಹಾಕುತ್ತದೆ. ಇಲಿಯ ಮೈಯಲ್ಲಿ ಮುಕ್ಕಾಲು ಭಾಗದ ಹತ್ತಿರ ನೀರೇ. ಒಣ ಕಾಳಿನಲ್ಲಿ ನೀರು ನೂರಕ್ಕೆ ಹತ್ತು. ನಾಲ್ಕು ಕೆಜಿ ಬೆಕ್ಕಿಗೆ ದಿನಕ್ಕೆ ಊಟ, ಕುಡಿಯುವುದು ಎಲ್ಲ ಸೇರಿ ಸುಮಾರು 200 ಮಿಲಿ ನೀರು ಬೇಕು. 60 ಗ್ರಾಂ ಕಾಳಿನಿಂದ ಸಿಗುವುದು 6 ಮಿಲಿ. ಉಳಿದದ್ದನ್ನು ಅದು ಬಟ್ಟಲಿನಿಂದ ಕುಡಿಯಬೇಕು, ಅಷ್ಟು ಕುಡಿಯುವ ಬೆಕ್ಕು ಅಪರೂಪ. ನೀರು ಕಡಿಮೆಯಾದರೆ ಮೂತ್ರ ಗಟ್ಟಿಯಾಗಿ ಅದರಲ್ಲಿ ಹರಳು ಕಟ್ಟಬಹುದು. ಗಂಡು ಬೆಕ್ಕಿನ ಮೂತ್ರನಾಳ ತೀರಾ ಸಣ್ಣದು, ಕಟ್ಟಿಕೊಂಡರೆ ಒಂದೆರಡು ದಿನದಲ್ಲಿ ಪ್ರಾಣ ಹೋಗುತ್ತದೆ. ಟ್ರೇಗೆ ಮತ್ತೆ ಮತ್ತೆ ಹೋಗಿ ಕೂತು, ಒದ್ದಾಡಿ, ಕೂಗಿ, ಹನಿ ಮಾತ್ರ ಬಂದರೆ ಮಲಬದ್ಧತೆ ಅಂದುಕೊಂಡು ಮನೆಮದ್ದು ಮಾಡುತ್ತಾ ಕೂರಬೇಡಿ. ಆಗಲೇ ಎತ್ತಿಕೊಂಡು ದವಾಖಾನೆಗೆ ಓಡಿ.

ಹಾಗಾಗಿ ಬೆಳಿಗ್ಗೆ ಕಾಳು, ಸಂಜೆ ಒಂದು ಪೌಚ್ ಅಂತ ಮಾಡಿದೆ. ಪೌಚ್ ಅಂದರೆ ಗ್ರೇವಿ ಇರುವ ಸಣ್ಣ ಚೀಲ, 70-85 ಗ್ರಾಂ ಬರುತ್ತದೆ. ಅದರಲ್ಲಿ ನೂರಕ್ಕೆ 80ರ ಹತ್ತಿರ ನೀರೇ. ನಾನು ಮೇಲೆ ಎರಡು ಚಮಚ ಬೆಚ್ಚಗಿನ ನೀರನ್ನೂ ಬೆರೆಸುತ್ತೇನೆ. ಇಲ್ಲೊಂದು ತೊಡಕು ಬಂತು: ಅರ್ಧ ಉಳಿದರೆ ಇಡುವುದೆಲ್ಲಿ? ಫ್ರಿಜ್ಜಿನಲ್ಲಿ ಅತ್ತೆಯವರ ಮೊಸರಿನ ಪಕ್ಕ ಇಡುವ ಧೈರ್ಯ ಈ ಮನೆಯಲ್ಲಿ ಯಾರಿಗೂ ಇಲ್ಲ. ಏಪ್ರಿಲ್ ಮೇನಲ್ಲಿ ನಲವತ್ತು ಡಿಗ್ರಿ ದಾಟುವ ಊರು ಇದು, ಹೊರಗಿಟ್ಟರೆ ಬೇಗ ಹಳಸುತ್ತದೆ. ಆದ್ದರಿಂದ ಸಣ್ಣ ಪೌಚನ್ನೇ ತರುತ್ತೇನೆ, ಬಿಸಿಲು ಇಳಿದ ಮೇಲೆ ಒಂದೇ ಸಲ ಖಾಲಿ ಮಾಡಿಸುತ್ತೇನೆ. ಬಿಟ್ಟರೆ ಚೆಲ್ಲುವುದೇ. ಗುಂಡ ಬಿಡುವುದು ಕಡಿಮೆ ಬಿಡಿ.

ನೀರಿಗೆ ಮಣ್ಣಿನ ಅಗಲ ಬೋಗುಣಿ ಇಟ್ಟಿದ್ದೇನೆ, ಊಟದ ತಟ್ಟೆಯಿಂದ ದೂರ. ಬೇಸಿಗೆಯಲ್ಲಿ ಸ್ಟೀಲಿನಲ್ಲಿಟ್ಟ ನೀರು ಮಧ್ಯಾಹ್ನಕ್ಕೆ ಬಿಸಿಯಾಗುತ್ತದೆ, ಮಣ್ಣಿನದು ತಂಪಾಗಿರುತ್ತದೆ. ಊಟದ ತಟ್ಟೆ ಸ್ಟೀಲಿನದು. ಅದನ್ನು ನೀರು ತುಂಬಿದ ಪರಾತದ ನಡುವೆ ಇಡುತ್ತೇನೆ, ಇಲ್ಲದಿದ್ದರೆ ಗುಂಡನಿಗಿಂತ ಮೊದಲು ಇರುವೆಗಳ ಪಂಕ್ತಿ ಕೂರುತ್ತದೆ.

ಪ್ಯಾಕೆಟ್ ಆರಿಸುವಾಗ ಮುಂದಿನ ಚಿತ್ರ ನೋಡುವುದು ಬಿಟ್ಟು ಹಿಂದೆ ತಿರುಗಿಸಿ. ವಯಸ್ಸಿಗೆ ತಕ್ಕದ್ದೋ ನೋಡಿ. ಒಂದು ವರ್ಷದೊಳಗಿನ ಮರಿಗೆ ಕಿಟನ್ ಅಂತ ಬರೆದದ್ದೇ ಬೇಕು. 'ಕಂಪ್ಲೀಟ್' ಅಂತ ಇದ್ದರೆ ಅದೊಂದನ್ನೇ ಹಾಕಿ ಸಾಕಬಹುದು. 'ಕಾಂಪ್ಲಿಮೆಂಟರಿ' ಅಂತ ಇದ್ದರೆ ಅದು ಬಾಯಿಚಪಲಕ್ಕೆ ಮಾತ್ರ. ನೆಕ್ಕಿಸುವ ಕೊಳವೆ ತಿಂಡಿಗಳು ಸಾಮಾನ್ಯವಾಗಿ ಈ ಜಾತಿಯವು. ಪದಾರ್ಥಗಳ ಪಟ್ಟಿಯಲ್ಲಿ ಯಾವುದು ತೂಕದಲ್ಲಿ ಹೆಚ್ಚೋ ಅದು ಮೊದಲು ಬರುತ್ತದೆ. ಕೋಳಿ, ಮೀನು ಮೊದಲಿದ್ದು ಜೋಳ, ಅಕ್ಕಿ ಹಿಂದೆ ಇದ್ದರೆ ನನಗೆ ಸಮಾಧಾನ.

ಪ್ರೋಟೀನ್ ಲೆಕ್ಕದಲ್ಲಿ ಜನ ಎಡವುತ್ತಾರೆ. ಕಾಳಿನ ಮೇಲೆ 30 ಅಂತ, ಪೌಚ್ ಮೇಲೆ 10 ಅಂತ ಬರೆದಿರುತ್ತದೆ. ಪೌಚಿನಲ್ಲಿ ಏನೂ ಇಲ್ಲ ಅಂತ ವಾಪಸ್ ಇಡುತ್ತಾರೆ. ನೀರನ್ನು ಕಳೆದು ನೋಡಬೇಕು. ನೂರು ಗ್ರಾಂ ಪೌಚಿನಲ್ಲಿ 80 ನೀರು ಅಂದರೆ ಉಳಿದ 20ರಲ್ಲಿ 10 ಪ್ರೋಟೀನ್, ಅಂದರೆ ಅರ್ಧಕ್ಕರ್ಧ. ಕಾಳಿನಲ್ಲಿ ಉಳಿದ 90ರಲ್ಲಿ 30, ಅಂದರೆ ಮೂರರಲ್ಲಿ ಒಂದು ಪಾಲು. ಈಗ ಹೇಳಿ, ಯಾವುದರಲ್ಲಿ ಜಾಸ್ತಿ?

ಬಿಡಿ ಕಾಳು ತರಬೇಡಿ. ದೊಡ್ಡ ಚೀಲ ಬಿಚ್ಚಿಟ್ಟು ತೂಗಿ ಕೊಡುತ್ತಾರೆ, ಅಗ್ಗವೂ ಹೌದು. ಆದರೆ ಕಾಳಿನ ಮೇಲೆ ಎಣ್ಣೆ ಸವರಿರುತ್ತದೆ. ನಮ್ಮ ಸೆಕೆಗೆ, ಗಾಳಿಗೆ ಅದು ಕಮಟು ಹಿಡಿಯುತ್ತದೆ. ನಮ್ಮ ಮೂಗಿಗೆ ತಿಳಿಯುವ ಮೊದಲೇ ಬೆಕ್ಕಿಗೆ ತಿಳಿಯುತ್ತದೆ, ಮೂಸಿ ಎದ್ದು ಹೋಗುತ್ತದೆ. ಒಂದು ತಿಂಗಳಲ್ಲಿ ಮುಗಿಯುವ ಪ್ಯಾಕೆಟ್ ತಂದು, ಅದೇ ಚೀಲ ಸಮೇತ ಡಬ್ಬಿಯಲ್ಲಿ ಮುಚ್ಚಿಡುವುದು ನನ್ನ ಪದ್ಧತಿ.

ಹಳೆಯ ಕಾಳಿನಿಂದ ಹೊಸದಕ್ಕೆ ಏಳರಿಂದ ಹತ್ತು ದಿನ ಹಿಡಿದು ನಿಧಾನವಾಗಿ ಬದಲಾಯಿಸಬೇಕು. ಮೊದಲು ಕಾಲು ಭಾಗ ಹೊಸದು, ಆಮೇಲೆ ಅರ್ಧ, ಆಮೇಲೆ ಮುಕ್ಕಾಲು. ಟ್ರೇ ನೋಡಿಕೊಂಡು ಮುಂದೆ ಹೋಗಿ. ಸಡಿಲಾದರೆ ಅಲ್ಲೇ ನಿಲ್ಲಿ.

ಇನ್ನು ತಾಜಾ ಮಾಂಸ. ಮಗ್ಗುಲ ಮನೆಯ ಆಪಾಗೆ ಗುಂಡನ ಮೇಲೆ ಬಹಳ ಜೀವ. ಅವರ ಮನೆಯಲ್ಲಿ ಕೋಳಿಯ ದಿನ ಇದು ಗೋಡೆ ಮೇಲೆ ಹಾಜರು. ಸಾರಿನ ತುಂಡು ಹಾಕುತ್ತಿದ್ದರು. ನಾನು ಹೋಗಿ ಕೇಳಿಕೊಂಡೆ, ಉಳ್ಳಾಗಡ್ಡಿ, ಬೆಳ್ಳುಳ್ಳಿ ಬೆಕ್ಕಿನ ರಕ್ತದ ಕೆಂಪು ಕಣಗಳನ್ನು ಒಡೆಯುತ್ತವೆ, ಬೇಯಿಸಿದರೂ ಅಷ್ಟೇ, ಪುಡಿಯಾದರೂ ಅಷ್ಟೇ. ಬೆಂದ ಎಲುಬು ಚೂರಾಗಿ ಗಂಟಲು, ಕರುಳಿಗೆ ಚುಚ್ಚುತ್ತದೆ. ಅವರು ನಕ್ಕರು. "ಮಸಾಲಿ ಹಾಕೂದಕ್ಕಿಂತ ಮೊದ್ಲ ಎರಡು ತುಂಡು ತಗದಿಡ್ತೀನಿ ಬಿಡವಾ." ಈಗ ಉಪ್ಪಿಲ್ಲದೆ ಬೇಯಿಸಿದ ತುಂಡು, ಎಲುಬು ಬಿಡಿಸಿ, ಬೆಂದ ನೀರಿನ ಸಮೇತ ಬರುತ್ತದೆ. ಆ ನೀರನ್ನು ಬಿಡಬಾರದು, ಬೇಯುವಾಗ ಟೌರಿನ್ ಅದರಲ್ಲಿ ಇಳಿದಿರುತ್ತದೆ. ಅವರು ತುಂಗಭದ್ರೆಯ ಮೀನು ತಂದ ದಿನವೂ ಹೀಗೇ, ಮುಳ್ಳು ತೆಗೆದು, ಬೇಯಿಸಿ. ಕೆಲವು ಹಸಿ ಮೀನುಗಳಲ್ಲಿ ಬಿ1 ವಿಟಮಿನ್ ಹಾಳುಮಾಡುವ ಅಂಶ ಇರುತ್ತದೆ, ಬೇಯಿಸಿದರೆ ಹೋಗುತ್ತದೆ. ಇದೆಲ್ಲ ದಿನದ ಊಟದ ಹತ್ತನೇ ಒಂದು ಪಾಲು ಮೀರದಂತೆ ನೋಡಿಕೊಳ್ಳುತ್ತೇನೆ. ಬರೀ ಕೋಳಿ ಮಾಂಸ ಹಾಕಿ ಸಾಕಿದರೆ ಕ್ಯಾಲ್ಸಿಯಂ ಸಾಲುವುದಿಲ್ಲ.

ಊರಲ್ಲಿ ಅಕ್ಕಿ ಗಿರಣಿಗಳು ತುಂಬಾ ಇವೆ, ಇಲಿಗಳೂ ತುಂಬಾ. ಹೊಟ್ಟೆ ತುಂಬ ಹಾಕಿದರೆ ಇಲಿ ಹಿಡಿಯಲ್ಲ ಅಂತ ಕೆಲವರು ಬೆಕ್ಕನ್ನು ಅರೆಹೊಟ್ಟೆಯಲ್ಲಿ ಇಡುತ್ತಾರೆ. ಹೊಟ್ಟೆ ತುಂಬಿದ ಬೆಕ್ಕೂ ಇಲಿಯ ಹಿಂದೆ ಬೀಳುತ್ತದೆ, ಅದು ಹುಟ್ಟುಗುಣ. ಹಸಿದದ್ದು ಮಾತ್ರ ಇಲಿಪಾಷಾಣ ತಿಂದ ಇಲಿಯನ್ನೂ ಬಿಡದೆ ತಿಂದು ತಾನೂ ಮಲಗುತ್ತದೆ.

ಪ್ರಮಾಣದ ಬಗ್ಗೆ ನನ್ನ ಲೆಕ್ಕ ಹೀಗಿದೆ. ಮನೆಯೊಳಗಿನ ನಾಲ್ಕು ಕೆಜಿ ಬೆಕ್ಕಿಗೆ ದಿನಕ್ಕೆ 200ರಿಂದ 220 ಕ್ಯಾಲೊರಿ ಸಾಕು. ಗುಂಡನಿಗೆ ಕಾಳು 40 ಗ್ರಾಂ, ಒಂದು ಪೌಚ್. ಆಪಾ ಮನೆಯ ತುಂಡು ಬಂದ ದಿನ ಕಾಳು ಸ್ವಲ್ಪ ಕಡಿಮೆ. ಆಪರೇಷನ್ ಆದ ಬೆಕ್ಕಿಗೆ ಹಸಿವು ಜಾಸ್ತಿ, ಖರ್ಚು ಕಡಿಮೆ, ಅದಕ್ಕೇ ಅಳೆದೇ ಹಾಕಬೇಕು. ಪಕ್ಕೆಯ ಮೇಲೆ ಕೈ ಆಡಿಸಿದರೆ ಎಲುಬು ಸಿಗಬೇಕು, ಕಣ್ಣಿಗೆ ಕಾಣಬಾರದು. ತಿಂಗಳಿಗೊಮ್ಮೆ ಗುಂಡನನ್ನು ಎತ್ತಿಕೊಂಡು ತೂಕದ ಯಂತ್ರ ಹತ್ತುತ್ತೇನೆ, ಆಮೇಲೆ ನಾನೊಬ್ಬಳೇ ಹತ್ತಿ ಕಳೆಯುತ್ತೇನೆ. ಏರಿದ್ದು ಅದರ ತೂಕವಾದರೆ ಕಾಳು ಐದು ಗ್ರಾಂ ಇಳಿಸುತ್ತೇನೆ. ನನ್ನದಾದರೆ ಅದು ಬೇರೆ ಲೇಖನ.