ಕೌಂಟಿ ಕೋರ್ಟಿನಲ್ಲಿ ನಾನೇ ವಾದಿಸಿದ ಸ್ಪೀಡಿಂಗ್ ಟಿಕೆಟ್

ಕ್ಯಾಲಿಫೋರ್ನಿಯಾದಲ್ಲಿ ಪೊಲೀಸರು ಕೊಡುವ ಟಿಕೆಟ್‌ಗೆ ಸಹಿ ಹಾಕಿದರೆ ತಪ್ಪು ಒಪ್ಪಿಕೊಂಡಂತಾಗುವುದಿಲ್ಲ. ಆ ಕಾಗದದ ತಲೆಬರಹವೇ ‘ಹಾಜರಾಗಲು ಸೂಚನೆ’. ಇಂಥ ದಿನದೊಳಗೆ ನ್ಯಾಯಾಲಯಕ್ಕೆ ಉತ್ತರ ಕೊಡುತ್ತೇನೆ ಎಂದು ನೀವು ಕೊಡುವ ಮಾತು ಆ ಸಹಿ. ಹಾಕುವುದಿಲ್ಲವೆಂದು ಹಟ ಹಿಡಿದರೆ ನಿಮ್ಮನ್ನು ಬಂಧಿಸಿ ನ್ಯಾಯಾಧೀಶರ ಮುಂದೆ ಕರೆದೊಯ್ಯುವ ಅಧಿಕಾರ ಪೊಲೀಸರಿಗಿದೆ. ಇದನ್ನು ಮೊದಲೇ ಹೇಳಲು ಕಾರಣವಿದೆ. ಸ್ಯಾನ್ ಫ್ರಾನ್ಸಿಸ್ಕೋ ಸುತ್ತಲಿನ ಬೇ ಏರಿಯಾದಲ್ಲಿ ನನಗೆ ಗೊತ್ತಿರುವ ಅನೇಕ ಕನ್ನಡದ ಕುಟುಂಬಗಳು ವೀಸಾಕ್ಕೆ ಏನಾದರೂ ಕುತ್ತು ಬಂದೀತೆಂದು ಹೆದರಿ, ಟಿಕೆಟ್ಟಿನಲ್ಲಿ ಏನು ಬರೆದಿದೆ ಎಂದು ಓದುವ ಮೊದಲೇ ಹಣ ಕಟ್ಟಿಬಿಡುತ್ತವೆ. ಸಾಮಾನ್ಯ ವೇಗದ ಟಿಕೆಟ್ ಇಲ್ಲಿ ‘ಇನ್‌ಫ್ರಾಕ್ಷನ್’ ದರ್ಜೆಯದು, ಅದಕ್ಕೆ ಜೈಲು ಶಿಕ್ಷೆ ಇಲ್ಲ. ಆದರೂ ಅದನ್ನು ಸಂಶಯಕ್ಕೆ ಎಡೆಯಿಲ್ಲದಂತೆ ರುಜುವಾತು ಮಾಡುವ ಹೊಣೆ ಆಪಾದಿಸಿದವರದ್ದೇ. ಇಷ್ಟು ದೊಡ್ಡ ಹಕ್ಕನ್ನು ಕಾನೂನು ಕೈಗಿಟ್ಟಿರುವಾಗ ಅದನ್ನು ಓದದೆ ಮಡಿಚಿಡುವುದು ನನಗೆ ಸರಿ ಕಾಣುವುದಿಲ್ಲ.

ನನಗೆ ಟಿಕೆಟ್ ಬಂದದ್ದು ಒಂದು ಭಾನುವಾರ ಬೆಳಿಗ್ಗೆ. ಒಂದೊಂದು ದಿಕ್ಕಿಗೆ ಮೂರು ಲೇನ್ ಇರುವ ಅಗಲವಾದ ರಸ್ತೆ. ಮಿತಿ ಗಂಟೆಗೆ 35 ಮೈಲಿ, ರೇಡಾರ್ ತೋರಿಸಿದ್ದು 47. ಊರಿನಿಂದ ಬಂದಿದ್ದ ಅತ್ತೆ ಹಿಂದಿನ ಸೀಟಿನಲ್ಲಿದ್ದರು. ಹಿಂದೆ ಕೆಂಪು-ನೀಲಿ ದೀಪ ಕಂಡು ಕಾರನ್ನು ಬಲಕ್ಕೆ ನಿಲ್ಲಿಸಿ, ಕಿಟಕಿ ಇಳಿಸಿ, ಎರಡೂ ಕೈಗಳನ್ನು ಸ್ಟೀರಿಂಗ್ ಮೇಲೆ ಇಟ್ಟುಕೊಂಡು ಕುಳಿತೆ. “ಇಳಿದು ಹೋಗಿ ಎರಡು ಮಾತು ಹೇಳಬಾರದೇನಮ್ಮಾ?” ಎಂದು ಅತ್ತೆ ಪಿಸುಗುಟ್ಟಿದರು. “ಇಲ್ಲಿ ಕಾರಿನಿಂದ ಇಳಿಯಬಾರದು ಅತ್ತೆ, ಅವರೇ ಬರುತ್ತಾರೆ” ಎಂದೆ. ಅಧಿಕಾರಿ ಬಂದರು, ಲೈಸೆನ್ಸ್, ನೋಂದಣಿ, ವಿಮೆಯ ಕಾಗದ ಕೇಳಿದರು, ಮರ್ಯಾದೆಯಿಂದಲೇ ಮಾತಾಡಿದರು. ನಾನು ವಾದಿಸಲಿಲ್ಲ, ಎಷ್ಟು ವೇಗದಲ್ಲಿದ್ದೆ ಎಂದು ಹೇಳಲೂ ಇಲ್ಲ. ರಸ್ತೆಬದಿಯಲ್ಲಿ ಆಡಿದ ಮಾತನ್ನು ಅವರು ಟಿಕೆಟ್‌ನ ತಮ್ಮ ಪ್ರತಿಯ ಬೆನ್ನಿಗೆ ಬರೆದಿಟ್ಟುಕೊಳ್ಳುತ್ತಾರೆ. ಮುಂದೆ ನ್ಯಾಯಾಲಯದಲ್ಲಿ ಅದೇ ಸಾಕ್ಷ್ಯವಾಗುತ್ತದೆ.

ಮನೆಗೆ ಬಂದು ಟಿಕೆಟನ್ನು ಮೇಜಿನ ಮೇಲೆ ಹರಡಿಕೊಂಡು ಓದಿದೆ. ಅಪರಾಧದ ಪಕ್ಕದಲ್ಲಿ ‘ಎಂ’ ಮತ್ತು ‘ಐ’ ಎಂಬ ಎರಡು ಅಕ್ಷರಗಳಿರುತ್ತವೆ. ‘ಐ’ಗೆ ಗುರುತು ಬಿದ್ದಿದ್ದರೆ ಇನ್‌ಫ್ರಾಕ್ಷನ್, ‘ಎಂ’ಗೆ ಬಿದ್ದಿದ್ದರೆ ಅದಕ್ಕಿಂತ ಗಂಭೀರವಾದ ‘ಮಿಸ್‌ಡಿಮೀನರ್’. ಅದರ ಕೆಳಗೆ ಅಂದಾಜು ವೇಗ, ರಸ್ತೆಯ ಮಿತಿ, ಆ ಹೊತ್ತಿಗೆ ಸುರಕ್ಷಿತವೆಂದು ಅಧಿಕಾರಿಗೆ ತೋಚಿದ ವೇಗ, ರೇಡಾರ್ ಬಳಸಿದರೋ ಇಲ್ಲವೋ ಎಂಬ ಚಿಕ್ಕ ಚಿಕ್ಕ ಚೌಕಗಳು. ಎಲ್ಲಕ್ಕಿಂತ ಮುಖ್ಯವಾದದ್ದು ವಾಹನ ಸಂಹಿತೆಯ ಕಲಂ ಸಂಖ್ಯೆ. ನನ್ನದು 22350. ಹೆದ್ದಾರಿಯಲ್ಲಿ 65 ಮೈಲಿ ಮೀರಿದಾಗ ಹಾಕುವ 22349 ಬೇರೆಯೇ; ಅಲ್ಲಿ ಮಿತಿ ದಾಟಿದರೆ ಮುಗಿಯಿತು, ವಾದಕ್ಕೆ ಹೆಚ್ಚು ಜಾಗವಿಲ್ಲ. 22350 ಹಾಗಲ್ಲ. ಹವಾಮಾನ, ವಾಹನ ದಟ್ಟಣೆ, ರಸ್ತೆಯ ಸ್ಥಿತಿ ನೋಡಿದರೆ ಅಪಾಯಕರ ಎನ್ನಿಸುವ ವೇಗದಲ್ಲಿ ಓಡಿಸಬಾರದು ಎಂಬುದು ಅದರ ಸಾರ. ಫಲಕದ ಸಂಖ್ಯೆಯನ್ನು ಮೀರಿದ್ದರೂ ಆ ಜಾಗ, ಆ ಹೊತ್ತಿಗೆ ತನ್ನ ವೇಗ ಸುರಕ್ಷಿತವಾಗಿತ್ತು ಎಂದು ತೋರಿಸಿಕೊಡಲು ಚಾಲಕರಿಗೆ ಅವಕಾಶವಿದೆ. ಯಾರಾದರೂ ನನಗೆ ಫೋನ್ ಮಾಡಿ ಟಿಕೆಟ್ ಬಂದಿದೆ ಎಂದರೆ ನಾನು ಕೇಳುವ ಮೊದಲ ಪ್ರಶ್ನೆ ಈ ಕಲಂ ಯಾವುದೆಂದೇ.

ಗಡುವಿನ ಬಗ್ಗೆ ಎಚ್ಚರ ಬೇಕು. ನ್ಯಾಯಾಲಯದಿಂದ ಅಂಚೆಯಲ್ಲಿ ಒಂದು ತಿಳಿವಳಿಕೆ ಪತ್ರ ಬರುತ್ತದೆ. ಅದು ಬಾರದಿದ್ದರೂ ಟಿಕೆಟ್ಟಿನಲ್ಲಿರುವ ದಿನಾಂಕ ನಿಮ್ಮನ್ನು ಬಿಡುವುದಿಲ್ಲ. ಮನೆ ಬದಲಿಸಿದವರು ಹತ್ತು ದಿನದೊಳಗೆ ಡಿಎಂವಿಗೆ (ಲೈಸೆನ್ಸ್, ವಾಹನ ನೋಂದಣಿ ನೋಡಿಕೊಳ್ಳುವ ರಾಜ್ಯದ ಇಲಾಖೆ) ಹೊಸ ವಿಳಾಸ ಕೊಡಬೇಕೆಂಬ ನಿಯಮವಿದೆ. ಕೊಡದವರ ಪತ್ರ ಹಳೆಯ ಬಾಗಿಲಿಗೇ ಹೋಗುತ್ತದೆ. ಕರ್ನಾಟಕದಲ್ಲಿ 2023ರ ಫೆಬ್ರವರಿಯಲ್ಲಿ ಬಾಕಿ ಸಂಚಾರ ದಂಡಕ್ಕೆ ಅರ್ಧದಷ್ಟು ರಿಯಾಯಿತಿ ಕೊಟ್ಟಾಗ ಜನ ಸಾಲುಗಟ್ಟಿ ಕಟ್ಟಿದ್ದನ್ನು ನಾವೆಲ್ಲ ಓದಿದ್ದೇವೆ. ಆ ನೆನಪಿನಲ್ಲಿ ಇಲ್ಲಿ ಯಾರೂ ಕಾಯಬಾರದು. ಇಲ್ಲಿ ಕಾದರೆ ನೂರು ಡಾಲರ್‌ವರೆಗೆ ಹೆಚ್ಚುವರಿ ಬೀಳಬಹುದು, ಹಾಜರಾಗದಿರುವುದೇ ಪ್ರತ್ಯೇಕ ಅಪರಾಧವಾಗಬಹುದು.

ಮಿತಿಗಿಂತ 15 ಮೈಲಿಯೊಳಗಿನ ಹೆಚ್ಚುವರಿ ವೇಗಕ್ಕೆ ಮೂಲ ದಂಡ ಕೇವಲ 35 ಡಾಲರ್. ನಾನು ಕಟ್ಟಬೇಕಿದ್ದದ್ದು 238. ರಾಜ್ಯದ ದಂಡಶುಲ್ಕ, ಕೌಂಟಿಯ (ನಮ್ಮ ಜಿಲ್ಲೆಯಂಥ ಆಡಳಿತ ಘಟಕ) ದಂಡಶುಲ್ಕ, ನ್ಯಾಯಾಲಯ ಕಟ್ಟಡ ನಿಧಿ, ಡಿಎನ್‌ಎ ನಿಧಿ, ತುರ್ತು ವೈದ್ಯಕೀಯ ಸೇವೆಯ ನಿಧಿ, 40 ಡಾಲರ್ ನ್ಯಾಯಾಲಯದ ನಿರ್ವಹಣೆಗೆ, 35 ಡಾಲರ್ ಶಿಕ್ಷೆಯ ಶುಲ್ಕ ಎಂದು ಒಂದರ ಮೇಲೊಂದು ಏರುತ್ತವೆ. ಬಡ ಕುಟುಂಬಕ್ಕೆ ಇದು ತಿಂಗಳ ದಿನಸಿಯ ಹಣ. ಕಟ್ಟಲು ಆಗದವರು ಆದಾಯದ ವಿವರ ಕೊಟ್ಟು ಮೊತ್ತ ಇಳಿಸಲು ಕೇಳಬಹುದು. ಅದು ಭಿಕ್ಷೆಯಲ್ಲ, ಕಾನೂನು ಮಾಡಿಕೊಟ್ಟ ದಾರಿ, ನಾಚಿಕೊಳ್ಳಬೇಕಾಗಿಲ್ಲ.

ಹಣ ಕಟ್ಟಿ, ‘ಟ್ರಾಫಿಕ್ ಸ್ಕೂಲ್’ ಎಂಬ ಸುರಕ್ಷಿತ ಚಾಲನೆಯ ತರಗತಿ ಮುಗಿಸುವುದು ಇನ್ನೊಂದು ದಾರಿ. ಅದಕ್ಕೆ ಮೇಲೊಂದಿಷ್ಟು ಶುಲ್ಕ ಬೀಳುತ್ತದೆ, ಆದರೆ ಲೈಸೆನ್ಸಿನ ಮೇಲೆ ಬೀಳುವ ‘ಪಾಯಿಂಟ್’ ಎಂಬ ತಪ್ಪಿನ ಗುರುತು ವಿಮಾ ಕಂಪನಿಯ ಕಣ್ಣಿಗೆ ಬೀಳುವುದಿಲ್ಲ. ಹದಿನೆಂಟು ತಿಂಗಳಿಗೊಮ್ಮೆ ಮಾತ್ರ ಈ ಅವಕಾಶ. ಬಹಳ ಸಂದರ್ಭಗಳಲ್ಲಿ ಇದೇ ಸರಿಯಾದ ದಾರಿ. ಶಾಲೆಯ ಮುಂದಿನ 25ರ ವಲಯದಲ್ಲಿ ಮಕ್ಕಳು ದಾಟುವ ಹೊತ್ತಿಗೆ ಹಿಡಿದರು ಎಂದು ಪರಿಚಯದ ಹುಡುಗನೊಬ್ಬ ಕೇಳಿದಾಗ, “ಕಟ್ಟು, ಕ್ಲಾಸಿಗೆ ಕೂರು, ಇನ್ನು ಮುಂದೆ ನಿಧಾನ ಮಾಡು ತಮ್ಮಾ” ಎಂದೆ. ಅಂಥದ್ದಕ್ಕೆ ನಾನು ಯಾರಿಗೂ ವಾದ ಹೇಳಿಕೊಡುವುದಿಲ್ಲ.

ನನ್ನ ಪ್ರಕರಣ ಬೇರೆ ಎಂದು ಅನ್ನಿಸಿದ್ದು ರಸ್ತೆಯ ಕಾರಣಕ್ಕೆ. ಕ್ಯಾಲಿಫೋರ್ನಿಯಾದ ಕಾನೂನಿನಲ್ಲಿ ನನಗೆ ಬಹಳ ಮೆಚ್ಚುಗೆಯಾದ ಒಂದು ಕಟ್ಟುಪಾಡಿದೆ. ಇಂಥ ರಸ್ತೆಗೆ ಮಿತಿ ನಿಗದಿ ಮಾಡುವ ಮುನ್ನ ನಗರಾಡಳಿತ ಎಂಜಿನಿಯರಿಂಗ್ ಸಮೀಕ್ಷೆ ಮಾಡಿಸಬೇಕು. ವಾಹನಗಳು ತಡೆಯಿಲ್ಲದೆ ಓಡುವ ಹೊತ್ತಿನಲ್ಲಿ ಅವುಗಳ ವೇಗ ಅಳೆದು, ನೂರರಲ್ಲಿ ಎಂಬತ್ತೈದು ಮಂದಿ ಯಾವ ವೇಗದ ಒಳಗೆ ಓಡಿಸುತ್ತಾರೆ ಎಂದು ನೋಡಿ, ಅದರ ಆಸುಪಾಸಿನಲ್ಲಿ ಮಿತಿ ಇಡಬೇಕು. ಇನ್ನೂ ಇಳಿಸುವುದಾದರೆ ಕಾರಣ ಬರೆಯಬೇಕು. ಸಮೀಕ್ಷೆ ಐದು ವರ್ಷಕ್ಕೆ ಹಳತಾಗುತ್ತದೆ. ಅಧಿಕಾರಿಗೆ ತಕ್ಕ ರೇಡಾರ್ ತರಬೇತಿ ಇದ್ದು, ಉಪಕರಣದ ತಪಾಸಣೆ ಸರಿಯಾಗಿ ಆಗಿದ್ದರೆ ಏಳು ವರ್ಷ ನಡೆಯುತ್ತದೆ. ರಸ್ತೆ ಮತ್ತು ಸುತ್ತಲಿನ ಪರಿಸ್ಥಿತಿ ಹೇಳಿಕೊಳ್ಳುವಷ್ಟು ಬದಲಾಗಿಲ್ಲ ಎಂದು ನೋಂದಾಯಿತ ಎಂಜಿನಿಯರ್ ಪರಿಶೀಲಿಸಿ ನಿರ್ಧರಿಸಿದರೆ ಹದಿನಾಲ್ಕರವರೆಗೂ ನಡೆಯುತ್ತದೆ. ಇದಾವುದೂ ಇಲ್ಲದ ರಸ್ತೆಯಲ್ಲಿ ರೇಡಾರ್ ಹಿಡಿದು ನಿಂತರೆ ಕಾನೂನು ಅದನ್ನು ‘ಸ್ಪೀಡ್ ಟ್ರ್ಯಾಪ್’ ಎಂದು ಕರೆಯುತ್ತದೆ. ಆ ಸಾಕ್ಷ್ಯದ ಮೇಲೆ ಶಿಕ್ಷೆ ಕೊಡುವ ಅಧಿಕಾರವೇ ನ್ಯಾಯಾಲಯಕ್ಕೆ ಇರುವುದಿಲ್ಲ. ವಸತಿ ಬೀದಿ, ಶಾಲಾ ವಲಯಗಳಿಗೆ ಈ ರಕ್ಷಣೆ ಇಲ್ಲ, ಇರಲೂಬಾರದು.

ಸಮೀಕ್ಷೆ ಸಾರ್ವಜನಿಕ ದಾಖಲೆ. ನಮ್ಮಲ್ಲಿ ಮಾಹಿತಿ ಹಕ್ಕಿನಲ್ಲಿ ಅರ್ಜಿ ಹಾಕುವಂತೆ ಇಲ್ಲಿಯೂ ಕೇಳಿ ಪಡೆಯಬಹುದು. ನಗರದ ಸಂಚಾರ ಎಂಜಿನಿಯರಿಂಗ್ ವಿಭಾಗಕ್ಕೆ ರಸ್ತೆಯ ಹೆಸರು, ಯಾವ ಅಡ್ಡರಸ್ತೆಯಿಂದ ಯಾವ ಅಡ್ಡರಸ್ತೆಯವರೆಗೆ ಎಂದು ಬರೆದು ಇಮೇಲ್ ಕಳಿಸಿದೆ. ಬಂದ ಕಡತದಲ್ಲಿ ಎಂಬತ್ತೈದರ ಲೆಕ್ಕದ ವೇಗ 42 ಮೈಲಿ. ಅದನ್ನು 40ಕ್ಕೆ ಸರಿಹೊಂದಿಸಿ, ಅಂಗಡಿಗಳಿಗೆ ಹೋಗಿಬರುವ ದಾರಿಗಳು ಹೆಚ್ಚಾಗಿವೆ ಎಂಬ ಕಾರಣ ಬರೆದು 35ಕ್ಕೆ ಇಳಿಸಿದ್ದರು. ಲೆಕ್ಕ ಸರಿಯಾಗಿಯೇ ಇತ್ತು. ಆದರೆ ಸಮೀಕ್ಷೆ ನಡೆದು ಎಂಟು ವರ್ಷ ದಾಟಿತ್ತು, ಎಂಜಿನಿಯರ ಮರುಪರಿಶೀಲನೆಯ ಹಾಳೆ ಇರಲಿಲ್ಲ. ನಾನು ಮತ್ತೆ ಹೋಗಿ ಆ ರಸ್ತೆಯನ್ನು ಕಾಲ್ನಡಿಗೆಯಲ್ಲಿ ನೋಡಿದೆ. ಅಂಗಡಿಸಾಲು ಹೋಗಿ ಉದ್ದಕ್ಕೂ ಅಪಾರ್ಟ್‌ಮೆಂಟ್‌ನ ಹಿಂಬದಿಯ ಗೋಡೆ ಎದ್ದಿತ್ತು. ರಸ್ತೆಗೆ ತೆರೆದುಕೊಳ್ಳುವ ದಾರಿ ಒಂದೂ ಉಳಿದಿರಲಿಲ್ಲ. ಮಿತಿ ಇಳಿಸಲು ಕೊಟ್ಟ ಕಾರಣವೇ ಆ ರಸ್ತೆಯಲ್ಲಿ ಇರಲಿಲ್ಲ. ಟಿಕೆಟ್ ಬಂದಿದ್ದ ಅದೇ ಗಂಟೆಯಲ್ಲಿ ಫೋಟೋಗಳನ್ನು ತೆಗೆದುಕೊಂಡೆ.

ಮೊದಲು ಆರಿಸಿಕೊಂಡದ್ದು ಲಿಖಿತ ವಿಚಾರಣೆ. ಟಿಆರ್-205 ಎಂಬ ನಮೂನೆ ತುಂಬಿ, ಹೇಳಿಕೆ ಮತ್ತು ಪುರಾವೆ ಲಗತ್ತಿಸಿ ಕಳಿಸಿದರೆ ಕೋರ್ಟಿಗೆ ಹೋಗದೆಯೇ ತೀರ್ಪು ಬರುತ್ತದೆ. ಅಧಿಕಾರಿಯೂ ತನ್ನ ಹೇಳಿಕೆಯನ್ನು ಬರೆದೇ ಕಳಿಸಬೇಕು. ಪೂರ್ತಿ 238 ಡಾಲರನ್ನು ಜಾಮೀನಾಗಿ ಮುಂಗಡ ಕಟ್ಟಬೇಕು, ಗೆದ್ದರೆ ವಾಪಸ್. ಹೇಳಿಕೆಯನ್ನು ಒಂದೇ ಪುಟದಲ್ಲಿ ಬರೆದೆ. ಮಗಳನ್ನು ಸಂಗೀತ ಪಾಠಕ್ಕೆ ಕರೆದೊಯ್ಯಲು ತಡವಾಗಿತ್ತು ಎಂಬಂಥದ್ದೇನೂ ಅದರಲ್ಲಿಲ್ಲ. ಅಂಥ ಮಾತು ವೇಗವಾಗಿ ಹೋಗಿದ್ದಕ್ಕೆ ಸಾಕ್ಷಿ ಒದಗಿಸುತ್ತದೆಯೇ ಹೊರತು ನೆರವಾಗುವುದಿಲ್ಲ. ಒಣ ರಸ್ತೆ, ಬೆಳಕು, ವಿರಳ ವಾಹನ, ಸಮೀಕ್ಷೆಯ ದಿನಾಂಕ, ಬದಲಾದ ರಸ್ತೆಬದಿ, ಇಷ್ಟೇ. ಕೊನೆಗೆ, ತಪ್ಪಿತಸ್ಥಳೆಂದು ಕಂಡರೆ ಟ್ರಾಫಿಕ್ ಸ್ಕೂಲಿಗೆ ಅವಕಾಶ ಕೊಡಿ ಎಂಬ ಒಂದು ಸಾಲು. ಆ ಸಾಲನ್ನು ಯಾರೂ ಬಿಡಬೇಡಿ. ವಿಚಾರಣೆ ಕೇಳಿದರೆಂಬ ಒಂದೇ ಕಾರಣಕ್ಕೆ ಆ ಅವಕಾಶ ತಪ್ಪಿಸಬಾರದು ಎಂಬ ನಿಯಮ ಇದೆ.

ತೀರ್ಪು ಬಂತು: ತಪ್ಪಿತಸ್ಥೆ. ವಿವರಣೆ ಏನೂ ಇರಲಿಲ್ಲ. ಇಲ್ಲಿಗೆ ಮುಗಿಯಿತೆಂದು ಬಹಳ ಜನ ಬಿಟ್ಟುಬಿಡುತ್ತಾರೆ, ನನಗೆ ತೀರಾ ಬೇಸರ ತರುವ ಸಂಗತಿ ಇದು. ಲಿಖಿತ ವಿಚಾರಣೆಯಲ್ಲಿ ಸೋತವರು ತೀರ್ಪಿನ ಪತ್ರ ಅಂಚೆಗೆ ಬಿದ್ದ ಇಪ್ಪತ್ತು ದಿನದೊಳಗೆ ಟಿಆರ್-220 ನಮೂನೆ ಕೊಟ್ಟು ಹೊಸದಾಗಿ ವಿಚಾರಣೆ ಕೇಳಬಹುದು. ಇದು ಮೇಲ್ಮನವಿಯಲ್ಲ. ಹಿಂದಿನ ತೀರ್ಪನ್ನು ಬದಿಗಿಟ್ಟು ಮೊದಲಿಂದ ಕೇಳುತ್ತಾರೆ.

ಕೌಂಟಿ ನ್ಯಾಯಾಲಯದ ಸಂಚಾರ ವಿಭಾಗ ಸಿನಿಮಾದ ಕೋರ್ಟಿನಂತಿಲ್ಲ. ಪೀಠದಲ್ಲಿ ಸಾಮಾನ್ಯವಾಗಿ ಕೂರುವವರು ನ್ಯಾಯಾಲಯ ನೇಮಿಸಿದ ಕಮಿಷನರ್. ಪೊಲೀಸ್ ಕಮಿಷನರ್‌ಗೂ ಇವರಿಗೂ ಸಂಬಂಧವಿಲ್ಲ. ಸರ್ಕಾರಿ ವಕೀಲರು ಇರಲಿಲ್ಲ. ಒಂದು ಸಾಲಿನಲ್ಲಿ ಸಮವಸ್ತ್ರದ ಅಧಿಕಾರಿಗಳು, ಉಳಿದ ಸಾಲುಗಳಲ್ಲಿ ನಮ್ಮಂಥವರು. ಇಂಗ್ಲಿಷ್ ಕಷ್ಟವಾದವರಿಗೆ ನ್ಯಾಯಾಲಯವೇ ತನ್ನ ಖರ್ಚಿನಲ್ಲಿ ದುಭಾಷಿಯನ್ನು ಕರೆಸುತ್ತದೆ. ಕನ್ನಡ ಬೇಕಾದವರು ಸಾಕಷ್ಟು ಮುಂಚೆಯೇ ಕೇಳಬೇಕು. ಗುಮಾಸ್ತರು ಹೆಸರು ಕೂಗಿದರು. ಅಧಿಕಾರಿ ಬಾರದವರ ಪ್ರಕರಣಗಳು ಮೊದಲೇ ವಜಾ ಆದವು. ನನ್ನವರು ಬಂದಿದ್ದರು.

ಅವರು ಟಿಕೆಟ್ ಪ್ರತಿಯ ಬೆನ್ನು ನೋಡಿಕೊಂಡು ಸಾಕ್ಷ್ಯ ಹೇಳಿದರು. ಎಲ್ಲಿ ನಿಂತಿದ್ದರು, ಕಣ್ಣಂದಾಜಿಗೆ ಎಷ್ಟು ಕಂಡಿತು, ರೇಡಾರ್ ಎಷ್ಟು ತೋರಿಸಿತು, ಪಾಳಿಯ ಮೊದಲೂ ಕೊನೆಗೂ ಉಪಕರಣವನ್ನು ಹೇಗೆ ಪರೀಕ್ಷಿಸಿದರು ಎಂದು ಅಚ್ಚುಕಟ್ಟಾಗಿ ಹೇಳಿದರು, ಅದರಲ್ಲಿ ಸುಳ್ಳೇನೂ ಇರಲಿಲ್ಲ. ಪಾಟೀಸವಾಲಿಗೆ ನನ್ನ ಸರದಿ ಬಂದಾಗ ಅವರ ನಂಬಿಕಸ್ತಿಕೆಯನ್ನು ನಾನು ಕೆಣಕಲಿಲ್ಲ. “ಈ ರಸ್ತೆಯ ಸಮೀಕ್ಷೆ ತಂದಿದ್ದೀರಾ?” ಎಂದು ಕೇಳಿದೆ. ತಂದಿದ್ದರು. “ಅದರ ದಿನಾಂಕ ಓದುತ್ತೀರಾ?” ಓದಿದರು. “ಇದನ್ನು ಮುಂದುವರಿಸಿದ ಎಂಜಿನಿಯರ ಪರಿಶೀಲನಾ ಪತ್ರ ಇದೆಯೇ?” ಕಮಿಷನರ್ ಕೈಚಾಚಿ ಕಡತ ಪಡೆದು, ಕೊನೆಯ ಹಾಳೆಯವರೆಗೆ ತಾವೇ ತಿರುವಿದರು. ಅದೇ ಪ್ರಶ್ನೆಯನ್ನು ಮತ್ತೊಮ್ಮೆ ತಾವೇ ಕೇಳಿದರು. ಇಲ್ಲ ಎಂದರು ಅಧಿಕಾರಿ. ನನ್ನ ಫೋಟೋಗಳನ್ನು ನೋಡುವ ಅಗತ್ಯವೇ ಬೀಳಲಿಲ್ಲ. ಪ್ರಕರಣ ವಜಾ ಆಯಿತು.

ಹಾಗಾದರೆ ನೀನು 47ರಲ್ಲಿ ಹೋಗಿದ್ದು ಸುಳ್ಳೇ ಎಂದು ನನ್ನ ಗಂಡನೇ ಕೇಳಿದರು. ಸುಳ್ಳಲ್ಲ. ವೇಗ ಅಳೆಯುವ ಅಧಿಕಾರ ಪಡೆದವರು ಆ ಮಿತಿ ಯಾಕೆ ಅಷ್ಟೇ ಎಂದು ಕಾಲಕಾಲಕ್ಕೆ ತೋರಿಸಬೇಕೆಂಬ ಷರತ್ತು ಅದೇ ಕಾನೂನಿನಲ್ಲಿದೆ. ನನ್ನಿಂದ ನಿಯಮ ಪಾಲನೆ ಕೇಳುವ ಆಡಳಿತದಿಂದ ನಾನೂ ಅದನ್ನೇ ಕೇಳಿದೆ. ನಗರಕ್ಕೆ ಆಮೇಲೆ ಮತ್ತೊಂದು ಇಮೇಲ್ ಬರೆದು, ಆ ರಸ್ತೆಯ ಸಮೀಕ್ಷೆಯನ್ನು ಹೊಸದಾಗಿ ಮಾಡಿಸಿ ಎಂದು ಕೋರಿದೆ. ಹೊಸ ಸಮೀಕ್ಷೆಯಲ್ಲೂ 35 ಎಂದೇ ಬಂದರೆ ನಾನು 35ರಲ್ಲೇ ಹೋಗುತ್ತೇನೆ. ಈಗಲೂ ಹಾಗೆಯೇ ಹೋಗುತ್ತಿದ್ದೇನೆ.

ಜಾಮೀನಿನ ಹಣದ ಚೆಕ್ ಕೆಲವು ವಾರಗಳ ನಂತರ ಅಂಚೆಯಲ್ಲಿ ಬಂತು. ವಜಾ ಆದೇಶದ ಪ್ರತಿಯನ್ನು ಕೇಳಿ ಪಡೆದು, ವೀಸಾ ಕಾಗದಗಳಿರುವ ಕಡತದಲ್ಲೇ ಇಟ್ಟಿದ್ದೇನೆ. ಪೌರತ್ವದ ಅರ್ಜಿಯಲ್ಲಿ ಪೊಲೀಸರು ನೋಟಿಸ್ ಕೊಟ್ಟದ್ದಿದೆಯೇ ಎಂಬ ಪ್ರಶ್ನೆ ಇರುವುದರಿಂದ, ಗೆದ್ದವರೂ ಸೋತವರೂ ಈ ಹಾಳೆಯನ್ನು ಎಸೆಯಬಾರದು. ಡಿಎಂವಿಯಿಂದ ಚಾಲನಾ ದಾಖಲೆಯ ಪ್ರತಿಯನ್ನೂ ತರಿಸಿ ನೋಡಿದೆ. ಅದರಲ್ಲಿ ಪಾಯಿಂಟ್ ಬಿದ್ದಿಲ್ಲ.